ಮಂಗರವಳ್ಳಿ ಹೆಂಗೈತಿ?

ನಮ್ಮ ಸೋದರತ್ತೆಗೆ ಮನುಷ್ಯರಿಗಿಂತ ಸೊಪ್ಪಿನ ಮೇಲೆಯೇ ಪ್ರೀತಿ ಹೆಚ್ಚು! ಇದು ಚಾಡಿ ಮಾತಲ್ಲ; ಆಕೆಯನ್ನು ಕಟ್ಟಿಕೊಂಡು ನಲವತ್ತು ವರ್ಷ ಬಾಳಿದ ಮಾವ, ಬಂದವರೆದುರು ಕೈಮುಗಿದು ಒಪ್ಪಿಕೊಳ್ಳುತ್ತಿದ್ದ ಸತ್ಯ.

"ನನಗ ಜ್ವರ ಬಂದ್ರ ಒಂದು ಗುಳಿಗಿ ಕೊಟ್ಟು ಮಲಗಸ್ತಾಳ. ಕರಿಬೇವಿಗೆ ಹುಳ ಬಿದ್ರ ಮೂರು ದಿನ ಬಾಯಿಗೆ ತುತ್ತು ಇಡಂಗಿಲ್ಲ," ಎನ್ನುತ್ತಿದ್ದರು.

ಅತ್ತೆ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು: "ಕರಿಬೇವು ನಿಮ್ಮಂಗ ಬೀಡಿ ಸೇದಂಗಿಲ್ರಿ!"

ತೆಲುಗು ಸೀಮೆಗೆ ಸೇರಿದ ಆದೋನಿಯಲ್ಲಿ ಗುಡ್ಡದ ಬುಡದ ಓಣಿಯೊಂದರಲ್ಲಿ ಅವರ ಮನೆ. ಹಿತ್ತಲೆಂದರೆ ಎರಡು ಹೊರಸು ಹಾಕಿದರೆ ಮುಗಿದುಹೋಗುವಷ್ಟು ಜಾಗ. ಅಷ್ಟರಲ್ಲೇ ಆಕೆ ಬೆಳೆಸದ ಸೊಪ್ಪಿಲ್ಲ. ಸೋರುವ ಬಕೆಟ್ಟಿನಲ್ಲಿ ಪುಂಡಿ, ಹಿಡಿ ಮುರಿದ ಕುಕ್ಕರಿನಲ್ಲಿ ಮೆಂತ್ಯ, ಮಾವನ ಹೆಲ್ಮೆಟ್ಟಿನಲ್ಲಿ ಪುದೀನ. ಹೆಲ್ಮೆಟ್ ಇಲ್ಲದೆ ಪೊಲೀಸರ ಕೈಗೆ ಸಿಕ್ಕಿಬಿದ್ದ ದಿನ ಮಾವ ಏನು ತಾನೇ ಹೇಳಬೇಕು? "ಸಾರ್, ಅದರಾಗ ಪುದೀನ ಚಿಗುರೈತಿ" ಎಂದರೆ ಯಾವ ಪೊಲೀಸು ನಂಬುತ್ತಾನೆ? ಪಾಪ, ಮಾವ ಅದನ್ನೇ ಹೇಳಿದರು. ಕುಡಿದಿದ್ದಾರೆಂದು ತಿಳಿದು ಬಾಯಿ ಊದಿಸಿ ನೋಡಿದರಂತೆ!

ಹತ್ತಿ ಮಿಲ್ಲಿನಲ್ಲಿ ನಿಂತು ನಿಂತು ಸವೆದ ಮಾವನ ಮೊಣಕಾಲುಗಳಿಗೆ ಕೆಳಗೆ ಕೂರುವುದು ಕಷ್ಟವಾದಾಗ, ಅವರು ಕುರ್ಚಿಯಂಥ ಕಮೋಡನ್ನು ಕೊಂಡು ತಂದರು. ಗಾರೆ ಕೆಲಸದವನು ನಾಳೆ, ನಾಡಿದ್ದು ಎನ್ನುತ್ತಾ ಬರಲೇ ಇಲ್ಲ. ಕಮೋಡು ಹಿತ್ತಲಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಹಾಗೆ ಬಾಯಿ ತೆರೆದು ಕೂತದ್ದನ್ನು ಅತ್ತೆ ಸುಮ್ಮನೆ ಬಿಟ್ಟಾಳೆಯೇ? ಗಾರೆಯವನು ಕೊನೆಗೊಂದು ದಿನ ಬಂದಾಗ ಅದರ ತುಂಬ ಕೊತ್ತಂಬರಿ ಮೊಳೆತಿತ್ತು. ಅತ್ತೆ ಅಡ್ಡ ನಿಂತಳು.

"ಇನ್ನ ಹದಿನೈದು ದಿನ ತಡಕೊಳ್ರಿ. ಈಗಷ್ಟ ಎಲಿ ಬಿಡಾಕತ್ತೈತಿ."

"ನಾ ತಡಕೊಳ್ತೀನಿ," ಎಂದರು ಮಾವ, "ಮೊಣಕಾಲು ತಡಕೊಳ್ತಾವೇನು?"

ತಡೆದುಕೊಂಡವು. ಬೇರೆ ದಾರಿ ಏನಿತ್ತು? ಹದಿನೈದು ದಿನದ ಮೇಲೆ ಅತ್ತೆ ಕೊತ್ತಂಬರಿ ಕಿತ್ತು ಚಟ್ನಿ ಅರೆದಳು. ನಾನು ಎರಡು ಸಜ್ಜೆ ರೊಟ್ಟಿ ಹೆಚ್ಚಿಗೆ ತಿಂದೆ. ಕಮೋಡು ಹೊಸದು, ಯಾರೂ ಒಂದು ಸಲವೂ ಕೂತಿಲ್ಲ ಎಂದು ಆಕೆ ದೇವರಾಣೆ ಮಾಡಿದರೂ ಮಾವ ಮಾತ್ರ ಆ ಚಟ್ನಿಯನ್ನು ಮುಟ್ಟಲಿಲ್ಲ.

ಅಡುಗೆಯಲ್ಲಿ ಆಕೆಗೆ ಗುರು ಒಬ್ಬರೇ, ಆಕೆಯ ತಾಯಿ, ಅಂದರೆ ನಮ್ಮಜ್ಜಿ. ಪೆದ್ದಕಡುಬೂರಿನ ಅಜ್ಜಿ ನಾನು ಹುಟ್ಟುವ ಮೊದಲೇ ಹೋಗಿದ್ದರು. ಅವರ ಕೈರುಚಿ ಅತ್ತೆಯ ಜೊತೆಗೇ ಮುಗಿಯಬಾರದೆಂದು ನಾನೊಮ್ಮೆ ನೋಟ್‌ಬುಕ್ಕು ಹಿಡಿದು ಆಕೆಯೆದುರು ಕೂತೆ.

"ಪುಂಡಿ ಚಟ್ನಿಗೆ ಮೆಣಸಿನಕಾಯಿ ಎಷ್ಟು ಅತ್ತಿ?"

"ಬಂದೋರು ಯಾರಂತ ನೋಡಿ ಹಾಕಬೇಕಪ. ಮತ್ತ ಬರಲಿ ಅಂತಿದ್ರ ಎರಡು. ಬರೋದು ಬ್ಯಾಡ ಅಂತಿದ್ರ ಆರು."

"ಸರಿ, ಶೇಂಗಾ ಎಷ್ಟೊತ್ತು ಹುರೀಬೇಕು?"

"ಬಾಜೂಮನಿಯಾಕಿ 'ಏನವಾ, ಏನು ಹುರಿಯಾಕತ್ತೀ' ಅಂತ ಕೂಗಿ ಕೇಳೋಮಟ."

ನಾನು ಅದನ್ನೂ ಬರೆದುಕೊಂಡೆ. ನನಗೆ ಕೆಲಸ ಎಮ್ಮಿಗನೂರಿನ ಸರ್ಕಾರಿ ಕಚೇರಿಯೊಂದರಲ್ಲಿ. ಅಲ್ಲಿ ಪಕ್ಕದ ಮನೆಯವರಿಗೆ ಮಾತು ಕಡಿಮೆ. ಯಾರೂ ಕೂಗಿ ಕೇಳಲಿಲ್ಲ. ಶೇಂಗಾ ಕರಕಾದವು.

ಇಷ್ಟು ನಗಿಸಿದ ಮೇಲೆ ಮಂಗರವಳ್ಳಿಯ ವಿಷಯಕ್ಕೆ ಬರಲೇಬೇಕು. ಬರಲು ನನಗೆ ಮನಸ್ಸಿಲ್ಲ. ಅದಕ್ಕೇ ಇಷ್ಟು ಹೊತ್ತು ಕಮೋಡು, ಹೆಲ್ಮೆಟ್ಟು ಎಂದು ಸುತ್ತು ಹೊಡೆದೆ.

ಒಂದು ಸಲ ಗೋನೆಗಂಡ್ಲದ ರಸ್ತೆಯಲ್ಲಿ ಕುರಿ ಹಿಂಡಿಗೆ ದಾರಿ ಬಿಡಲು ಹೋಗಿ ಬೈಕಿನಿಂದ ಬಿದ್ದು ಬಲಗೈ ಮುರಿದುಕೊಂಡೆ. ಕುರಿಗಳಿಗೆ ಏನೂ ಆಗಲಿಲ್ಲ. ಎಲುಬಿನ ಡಾಕ್ಟರು ಆದೋನಿಯಲ್ಲಿದ್ದರು; ಹಾಗಾಗಿ ನಾನು ಅತ್ತೆಯ ಮನೆಯಲ್ಲಿ ಆರು ವಾರ ಉಳಿದೆ. ಆ ಆರು ವಾರ ಆಕೆ ನನಗೆ ದಿನವೂ ಮಂಗರವಳ್ಳಿಯ ಚಟ್ನಿ ತಿನ್ನಿಸಿದಳು. ಅದು ನಾಲ್ಕು ಮೂಲೆಯ ಕಾಂಡದ ಬಳ್ಳಿ. ಗಿಣ್ಣು ಗಿಣ್ಣಾಗಿ, ಎಲುಬಿನ ಹಾಗೇ ಬೆಳೆಯುತ್ತದೆ; ಮುರಿದ ಎಲುಬನ್ನು ಕೂಡಿಸುತ್ತದೆಂದು ನಂಬಿಕೆ. ತೆಲುಗಿನಲ್ಲಿ ನಲ್ಲೇರು ಅನ್ನುತ್ತಾರೆ. ಹಸಿಯಾಗಿ ಕಚ್ಚಿದರೆ ನಾಲಿಗೆ ತುರಿಸಿ ತುರಿಸಿ ಹುಚ್ಚು ಹಿಡಿಯಬೇಕು! ಎಳೆಯ ಗಿಣ್ಣುಗಳನ್ನು ಮುರಿದು, ನಾರು ತೆಗೆದು, ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಹುಣಸೆಹಣ್ಣು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕಲ್ಲಿನಲ್ಲಿ ಅರೆಯಬೇಕು. ಅತ್ತೆಯ ಕೈಯಲ್ಲಿ ಅದು ತುರಿಸುತ್ತಿರಲಿಲ್ಲ. ಬಲಗೈಗೆ ಪ್ಲಾಸ್ಟರಿನ ಪಟ್ಟಿ ಇದ್ದುದರಿಂದ ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಮೂವತ್ತೈದು ದಾಟಿದ ನನಗೆ!

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಎಲುಬು ಚೆನ್ನಾಗಿ ಕೂಡಿದೆ ಎಂದರು. ಅತ್ತೆ ಹೊರಗೆ ಬಂದು, "ಅಂವ ಏನು ಮಾಡ್ಯಾನ? ಮ್ಯಾಲ ಸುಣ್ಣ ಬಳದಾನ ಅಷ್ಟ," ಎಂದಳು.

ನಾನು ಊರಿಗೆ ಹೊರಟಾಗ ಬಳ್ಳಿಯ ಎರಡು ಗಿಣ್ಣು ಮುರಿದು, ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ನಾ ಮದಿವಿಯಾಗಿ ಈ ಮನಿಗೆ ಬರೋ ದಿನ ನಮ್ಮವ್ವ ಸೆರಗಿನಾಗ ಕಟ್ಟಿ ಕೊಟ್ಟಿದ್ಲು. ಕಡುಬೂರಿನ ಹಿತ್ಲ ಈಗ ಯಾರ ಕೈಯಾಗೋ ಹೋಗೈತಿ. ಕೊತ್ತಂಬರಿ, ಪುದೀನ ಊರಿಗೆಲ್ಲ ಹಂಚೀನಿ. ಇದನ್ನ ಯಾರಿಗೂ ಕೊಟ್ಟಿಲ್ಲ. ನೀ ಒಬ್ಬಂವಗ ಕೊಟ್ಟೀನಿ, ನೋಡಪ."

ಮಂಗರವಳ್ಳಿಯನ್ನು ಸಾಯಿಸುವುದು ಸುಲಭವಲ್ಲ. ಬಂಡೆಯ ಮೇಲೆ ಎಸೆದರೂ ಬದುಕಿಕೊಳ್ಳುವ ಬಳ್ಳಿ ಅದು. ನಾನು ಸಾಧಿಸಿದೆ! ಮನೆಗೆ ಬಂದವನೇ ಆ ಪೊಟ್ಟಣವನ್ನು ಹಳೆಯ ಪೇಪರುಗಳ ರಾಶಿಯ ಮೇಲಿಟ್ಟು, ನಾಳೆ ನೆಟ್ಟರಾಯಿತೆಂದು ಮರೆತೆ. ಭಾನುವಾರ ರದ್ದಿಯವನು ಬಂದ. ರಾಶಿಯ ಜೊತೆಗೆ ಅದನ್ನೂ ನಾನೇ, ನನ್ನ ಕೈಯಾರೆ ಎತ್ತಿ ಅವನಿಗೆ ಕೊಟ್ಟೆ. ನಮ್ಮಜ್ಜಿಯ ಬಳ್ಳಿ ತಕ್ಕಡಿಯಲ್ಲಿ ತೂಗಿಸಿಕೊಂಡು ಹೋಯಿತು. ನೆನಪಾದದ್ದು ಮೂರನೆಯ ದಿನ, ಅತ್ತೆಯ ಫೋನು ಬಂದಾಗ.

"ಮಂಗರವಳ್ಳಿ ಹೆಂಗೈತಿ?"

ಹೇಳಿಬಿಡಬಹುದಿತ್ತು. ಬೈಯುತ್ತಿದ್ದಳು, ಅಷ್ಟೇ. ಆದರೆ ಆ ದನಿಯಲ್ಲಿ ಎಷ್ಟು ಆಸೆಯಿತ್ತೆಂದರೆ ನನ್ನ ಬಾಯಿಂದ ತಾನಾಗಿಯೇ ಬಂತು: "ಚೊಲೊ ಐತಿ ಅತ್ತಿ. ಚಿಗುರಾಕತ್ತೈತಿ."

ಆಮೇಲೆ ಅದು ಚಿಗುರುತ್ತಲೇ ಹೋಯಿತು. ಆಕೆ ವಾರಕ್ಕೊಮ್ಮೆ ಫೋನು ಮಾಡಿ ಮೊದಲು ಬಳ್ಳಿಯ ಕ್ಷೇಮ, ಆಮೇಲೆ ನನ್ನದು, ಕೊನೆಗೆ ಉಸಿರು ಉಳಿದಿದ್ದರೆ ನನ್ನ ಹೆಂಡತಿಯದು ವಿಚಾರಿಸುತ್ತಿದ್ದಳು. ನಾನು ಬಳ್ಳಿಯನ್ನು ಮೊದಲು ಕಿಟಕಿಗೆ ಹಬ್ಬಿಸಿದೆ. ಮರುವರ್ಷ ಮಾಳಿಗೆಗೆ ಹತ್ತಿಸಿದೆ. ಒಮ್ಮೆ ಉತ್ಸಾಹದಲ್ಲಿ ಹೂವನ್ನೂ ಬಿಡಿಸಿದೆ. "ಇಷ್ಟು ಲಗೂ ಹೂ ಬಿಡ್ತಾ?" ಎಂದು ಆಕೆ ಬೆರಗಾದಾಗ ಗಾಬರಿಯಾಗಿ, ಮರುವಾರ ಗಾಳಿ ಬೀಸಿಸಿ ಹೂವನ್ನೆಲ್ಲ ಉದುರಿಸಿದೆ. ಆ ಬಳ್ಳಿಯ ಚಟ್ನಿಯನ್ನು ನಾವು ಎಷ್ಟು ಸಲ ತಿಂದೆವೋ! ಹೆಂಡತಿ ಮಾತ್ರ, "ಹೇಳಿಬಿಡ್ರಿ, ಪಾಪ ಹತ್ತತೈತಿ," ಎನ್ನುತ್ತಿದ್ದಳು. ಮುಂದಿನ ವಾರ ಹೇಳುತ್ತೇನೆ ಎನ್ನುತ್ತಾ ನಾಲ್ಕು ವರ್ಷ ದೂಡಿದೆ.

ಒಂದು ಸಂಜೆ ಫೋನು ಬಂತು. "ನಾಳಿ ಬರ್ತೀನಪ. ಬಂದು ಹೇಳ್ತೀನಿ."

ನಾನು ನರ್ಸರಿಗೆ ಓಡಿದೆ. ಇದ್ದುದರಲ್ಲಿ ದೊಡ್ಡದಾದ ಮಂಗರವಳ್ಳಿಯನ್ನು ತಂದು, ನಮ್ಮ ಕುಂಡಕ್ಕೆ ಹಾಕಿ, ಕಿಟಕಿಯ ಸರಳಿಗೆ ಸುತ್ತಿದೆ. ಮಾಳಿಗೆಗೆ ಹತ್ತಿದ್ದನ್ನು ಕಡಿಸಿದೆನೆಂದು ಹೇಳಲು ಮಾತು ಹೊಂದಿಸಿಕೊಂಡೆ.

ಬೆಳಿಗ್ಗೆ ಬಸ್ಸಿನಿಂದ ಇಳಿದು ಬಂದ ಅತ್ತೆ ನೀರು ಕೂಡ ಕುಡಿಯಲಿಲ್ಲ. ಈಚೆಗಷ್ಟೇ ಮೊಣಕಾಲಿನ ಆಪರೇಷನ್ ಆಗಿ ಆಕೆಗಿನ್ನೂ ಸಲೀಸಾಗಿ ನಡೆಯಲು ಬರುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ನೇರ ಕಿಟಕಿಯ ಬಳಿಗೆ ಹೋದಳು. ಬಳ್ಳಿಯನ್ನು ಮುಟ್ಟಿದಳು. ಬುಡದಲ್ಲಿ, ನಾನು ಬಿಚ್ಚಲು ಮರೆತ ನರ್ಸರಿಯ ಚೀಟಿ ನೇತಾಡುತ್ತಿತ್ತು. ಅತ್ತೆ ತೆಲುಗು ಶಾಲೆಯಲ್ಲಿ ಓದಿದವಳು. ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದಳು: "ನಲ್ಲೇರು."

ಆಮೇಲೆ ನನ್ನ ಕಡೆ ತಿರುಗಿದಳು. "ಇದಕ್ಕ ಹೆಸರಿನ ಚೀಟಿ ಯಾಕಪ? ಮರತು ಬದನಿ ಗಿಡ ಅಂತ ತಿಳಕೊಂಡೀ ಅಂತೇನು?"

ನಾನು ನಗಲು ನೋಡಿದೆ. ಆಕೆ ನಗಲಿಲ್ಲ. ಕುರ್ಚಿಯಲ್ಲಿ ಕೂತು ತಾನು ಬಂದ ಕಾರಣ ಹೇಳಿದಳು. ಆಪರೇಷನ್ನಿಗೆಂದು ಆಕೆ ಕರ್ನೂಲಿನಲ್ಲಿದ್ದಾಗ ಹಿತ್ತಲ ಗೋಡೆ ವಾಲಿತ್ತು. ಮಾವ ಒಳ್ಳೆಯದಕ್ಕೆಂದೇ ಅದನ್ನು ಕೆಡವಿಸಿ ಹೊಸದಾಗಿ ಕಟ್ಟಿಸಿದರು. ಕೆಲಸದವರು ಗೋಡೆಗೆ ಹಬ್ಬಿದ್ದ ಬಳ್ಳಿಯನ್ನು ಬೇರುಸಮೇತ ಕಿತ್ತು ಕಲ್ಲುಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ತುಂಬಿ ಕಳಿಸಿಬಿಟ್ಟಿದ್ದರು.

"ನಿಮ್ಮ ಮಾವ ಎರಡು ದಿನ ಊಟ ಬಿಟ್ಟು ಕುಂತಿದ್ರು. ನಾನಾ ಹೇಳಿದೆ, 'ಏಳ್ರಿ, ಉಣ್ರಿ. ಎಮ್ಮಿಗನೂರಾಗ ಮಾಳಿಗಿ ತನಕ ಬೆಳದೈತಿ. ಹೋಗಿ ಒಂದು ಗಿಣ್ಣು ತರ್ತೀನಿ' ಅಂತ. ಅದಕ್ಕ ಬಂದೆ." ಆಮೇಲೆ ಕೇಳಿದಳು, "ನಾ ಕೊಟ್ಟಿದ್ದು ಎಲ್ಲೈತಿ?"

ಹೇಳಿದೆ. ರದ್ದಿಯವನು, ತಕ್ಕಡಿ, ಕಿಟಕಿ, ಮಾಳಿಗೆ, ಹೂವು ಎಲ್ಲವನ್ನೂ. ನನ್ನ ಹೆಂಡತಿ ಒಳಗೆ ಹೋಗಿ ಒಲೆಯ ಮುಂದೆ ನಿಂತಳು.

ಅತ್ತೆ ಬೈಯಲಿಲ್ಲ. ನಾನು ಸಿದ್ಧನಾಗಿದ್ದದ್ದು ಬೈಗುಳಕ್ಕೆ. "ಅವತ್ತಾ ಹೇಳಿದ್ರ ಇನ್ನೆರಡು ಮುರದು ಕೊಡ್ತಿದ್ನಲ್ಲೋ," ಎಂದಳು, ಸಣ್ಣ ದನಿಯಲ್ಲಿ. "ಅವತ್ತ ಗ್ವಾಡಿ ತುಂಬ ಇತ್ತಲ್ಲ."

ಇಂದಿಗೂ ನನ್ನನ್ನು ತಿನ್ನುವ ಮಾತು ಅದು. ಬಳ್ಳಿ ಕಳೆದದ್ದು ನನ್ನ ಮರೆವು; ಅದಕ್ಕೆ ಕ್ಷಮೆಯಿದೆ. ಕೇಳಿದ್ದರೆ ಮತ್ತೆ ಸಿಗುತ್ತಿತ್ತು. ನಾಲ್ಕು ವರ್ಷ, ಪ್ರತಿ ವಾರವೂ ಸಿಗುತ್ತಿತ್ತು. ಕೇಳದೆ ಉಳಿದದ್ದಕ್ಕೆ ಏನಿದೆ?

ಮಧ್ಯಾಹ್ನ ಆಕೆಯೇ ಎದ್ದು ನರ್ಸರಿಯ ಬಳ್ಳಿಯಿಂದ ನಾಲ್ಕು ಗಿಣ್ಣು ಮುರಿದು ಚಟ್ನಿ ಮಾಡಿದಳು. ನಮಗೆ ಬಡಿಸಿದಳು. ಬೆರಳ ತುದಿಯಲ್ಲಿ ತಾನೂ ರುಚಿ ನೋಡಿ, "ತುರಿಸಂಗಿಲ್ಲ, ತಿನ್ರಿ," ಎಂದಳು. ಚೆನ್ನಾಗಿದೆ ಎನ್ನಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ಕೆಳಗೆ ನಿಂತು, "ತಪ್ಪಾತು ಅತ್ತಿ," ಎಂದೆ. ಆಕೆ ಕೈ ಹೊರಗೆ ಚಾಚಿ ನನ್ನ ಗಲ್ಲ ಹಿಡಿದಳು.

"ಹೋಗಲಿ ಬಿಡೋ. ನಾಕು ವರ್ಷ ನಮ್ಮವ್ವ ಎರಡೂರಾಗ ಅದಾಳ ಅಂತ ತಿಳಕೊಂಡು ಖುಷಿಯಿಂದ ಇದ್ದೆ. ಬಳ್ಳಿ ಸುಳ್ಳಾತು. ಖುಷಿ ಖರೇನ ಇತ್ತಲ್ಲ."

ಆಮೇಲೆ ನಾನು ಪ್ರತಿ ಭಾನುವಾರ ಆದೋನಿಗೆ ಹೋಗತೊಡಗಿದೆ. ಬಸ್ಸಿನಲ್ಲಿ ತಾಸಿನ ದಾರಿಯಷ್ಟೇ ಇದ್ದರೂ ಅಲ್ಲಿಯವರೆಗೆ ಹಬ್ಬಕ್ಕೊಮ್ಮೆ ಹೋಗುತ್ತಿದ್ದವನು ನಾನು! ಆಕೆಗೆ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಹೇಳುವಳು, ನಾನು ಮಾಡುವೆ. ಉಪ್ಪು ಹೆಚ್ಚಾದರೆ ಮಾವ ಕೆಮ್ಮುವರು. ಹೀಗೆ ಹತ್ತು ತಿಂಗಳು ಸಿಕ್ಕಿತು. ಹತ್ತೇ ತಿಂಗಳು. ಬೇಸಿಗೆ ಬರುವ ಮುಂಚೆ ಅತ್ತೆ ಹೋಗಿಬಿಟ್ಟಳು, ಒಂದು ಬೆಳಿಗ್ಗೆ, ಗಿಡಗಳಿಗೆ ನೀರು ಹಾಕಿ ಬಂದು ಕೂತವಳು.

ಅದಕ್ಕೆ ಮುಂಚಿನ ಭಾನುವಾರ ಅಕ್ಕಿ ತೊಳೆಯುವ ಕೆಲಸ ನನ್ನದಾಗಿತ್ತು. ಎಷ್ಟು ಹಾಕಲಿ ಎಂದು ಕೇಳಿದೆ. ಅತ್ತೆ ನನ್ನ ಬಲಗೈಯನ್ನು ಹಿಡಿದು ಡಬ್ಬಿಯೊಳಗೆ ಇಳಿಸಿ, ಅಕ್ಕಿ ತುಂಬಿಸಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ಮೇಲೆತ್ತಿದಳು. ಹೊರಳಿಸಿ ಹೊರಳಿಸಿ ನೋಡಿದಳು.

"ನೋಡ್ರಿ ಇಲ್ಲಿ," ಎಂದು ಮಾವನನ್ನು ಕೂಗಿದಳು, "ನಮ್ಮವ್ವನ ಮುಟಿಗಿ ಇಷ್ಟಾ ಇತ್ತು. ಇವನ ಕೈ ನಮ್ಮವ್ವನ ಕೈ!"

ಮಾವ ಬಾಗಿಲಿಗೆ ಬಂದು ನಿಂತರು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅತ್ತೆ ನನ್ನ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದುಕೊಂಡು ಕೂತಳು. ಬಿಡಿಸಿಕೊಳ್ಳಲು ನನಗೂ ಮನಸ್ಸಾಗಲಿಲ್ಲ.