ಗೋಡೆಯ ಮೇಲಿನ ಕುಂಬಳಕಾಯಿ

ಎಲೀಷ ಮಾಸ್ತರರಿಗೆ ಊರಲ್ಲಿ ಶತ್ರುಗಳೆಂದು ಯಾರೂ ಇರಲಿಲ್ಲ, ಅವರ ದನಿಯೊಂದನ್ನು ಬಿಟ್ಟರೆ. ವಿಜಯಪುರದ ಶಾಲೆಯೊಂದರಲ್ಲಿ ಡ್ರಿಲ್ ಕಲಿಸಿ ಕಲಿಸಿ ಅದು ಎಷ್ಟು ಬಲಿತಿತ್ತೆಂದರೆ, ಊಟಕ್ಕೆ ಕುಳಿತು ಹೆಂಡತಿಯನ್ನು ಉಪ್ಪು ಕೇಳಿದರೆ ನೆರೆಮನೆಯವರು ತಂದುಕೊಡುತ್ತಿದ್ದರು. ಆ ದನಿಯ ದೆಸೆಯಿಂದಲೇ ಚರ್ಚಿನವರು ಪ್ರತಿವರ್ಷ ಕೊಯ್ಲಿನ ಹಬ್ಬದ ಹರಾಜು ಕೂಗುವ ಕೆಲಸವನ್ನು ಅವರಿಗೇ ಒಪ್ಪಿಸುತ್ತಿದ್ದರು. ಅವತ್ತು ವಿಶ್ವಾಸಿಗಳು ತಮ್ಮ ಹೊಲದ, ಹಿತ್ತಲದ ಮೊದಲ ಬೆಳೆ ತಂದು ದೇವರ ಮುಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಅಲ್ಲೇ ಹರಾಜು ಹಾಕುತ್ತಾರೆ. ನೋಡಲು, ಕೊಳ್ಳಲು ಓಣಿಯವರೂ ಬರುತ್ತಾರೆ.

ಹೋದ ವರ್ಷ ಬಬಲೇಶ್ವರದ ಬೋರವ್ವ ಎಂಬ ಒಂಟಿ ಮುದುಕಿ ಒಂದು ಚೀಲ ಬದನೆಕಾಯಿ ತಂದಿಟ್ಟಿದ್ದಳು. ಮಾಸ್ತರರಿಗೆ ಬದನೆಕಾಯಿ ಮೊದಲೇ ಆಗದು, ತಿಂದರೆ ಮೈಯೆಲ್ಲ ತುರಿಕೆ. ಅದರ ಮೇಲೆ ಚೀಲ ನೋಡಿದರೆ ಗಾಂಧಿ ಚೌಕದ ಅಂಗಡಿಯೊಂದರ ಹೆಸರು ಬರೆದ ಪ್ಲಾಸ್ಟಿಕ್ ಚೀಲ. ಇದು ನಿನ್ನ ಹಿತ್ತಲದ್ದೇನು ಎಂದು ಕೇಳಿದರು. ಹೌದೆಂದಳು ಮುದುಕಿ. ಮಾಸ್ತರರು ಚೀಲ ಮೇಲೆತ್ತಿ ಇಡೀ ಸಭೆಗೆ ತೋರಿಸಿ, ಪೇಟೆಯ ಮಾಲನ್ನು ಹಿತ್ತಲದ್ದೆಂದು ಹೇಳುವುದು ದೇವರಿಗೆ ಮಾಡುವ ಮೋಸ ಎಂದು ಕವಾಯತಿನ ದನಿಯಲ್ಲಿ ಸಾರಿದರು. ಬೋರವ್ವ ಸೆರಗು ಸರಿ ಮಾಡಿಕೊಂಡು ಎದ್ದವಳು ಅಂದಿನಿಂದ ಬಾಗಿಲ ಬಳಿ, ಚಪ್ಪಲಿ ಬಿಡುವ ಕಡೆಗೆ ಕೂಡತೊಡಗಿದಳು.

ಅಷ್ಟು ಹೇಳಿದ ಮೇಲೆ ತಾವು ಮಾಡಿ ತೋರಿಸಬೇಕಲ್ಲ. ಮಾಸ್ತರರು ಈ ಮಳೆಗಾಲದಲ್ಲಿ ಹಿತ್ತಲ ಗೋಡೆಯ ಬುಡದಲ್ಲಿ ಕುಂಬಳದ ಬೀಜ ಊರಿದರು. ಗೋಡೆಯ ಆಚೆ ಲಾಲಸಾಬನ ಮನೆ. ಕೆಲವೇ ದಿನಗಳಲ್ಲಿ ಬಳ್ಳಿ ಗೋಡೆಯ ಮೇಲೆಲ್ಲ ಹಬ್ಬಿ, ನೆತ್ತಿಯ ಮೇಲೆಯೇ ಒಂದು ಕಾಯಿ ಬಿಟ್ಟಿತು. ಕಲ್ಲಿಗೆ ಒತ್ತಿಕೊಂಡು ಒಂದು ಮಗ್ಗುಲು ಚಪ್ಪಟೆಯಾದರೂ ಕಾಯಿ ಗುಡಾಣದಂತೆ ಬೆಳೆಯಿತು. ತಮ್ಮ ಬಳ್ಳಿ ಆಚೆಯವರಿಗೂ ಹಸಿರು ಕೊಟ್ಟಿದೆಯೆಂದು ಮಾಸ್ತರರಿಗೆ ಒಳಗೊಳಗೇ ಹೆಮ್ಮೆ. ಕಾಯಿಯ ಫೋಟೋ ತೆಗೆದು ಚರ್ಚಿನ ವಾಟ್ಸಾಪ್ ಗುಂಪಿಗೆ ಹಾಕುತ್ತಲೇ ಇದ್ದರು. ಅದನ್ನು ನೋಡಿ ನೋಡಿ ಅಯ್ಯನವರು, ಅಂದರೆ ಚರ್ಚಿನ ಪಾಸ್ಟರು, ಈ ಸಲ ಪ್ರಾಮಾಣಿಕ ಕಾಣಿಕೆಯ ಬಗ್ಗೆ ಮಾಸ್ತರರೇ ಸಭೆಯ ಮುಂದೆ ನಿಂತು ತಮ್ಮ ಅನುಭವದ ಸಾಕ್ಷಿ ಹೇಳಲಿ, ಆಮೇಲೆ ಅವರನ್ನು ಸಭೆಯ ಹಿರಿಯರನ್ನಾಗಿ ಮಾಡೋಣ ಎಂದರು.

ಹಬ್ಬದ ಭಾನುವಾರ ಬೆಳಗಾಯಿತು. ಅಯ್ಯನವರಿಗೆ ಮುಂಜಾನೆ ಬಬಲೇಶ್ವರದಲ್ಲಿ ಪ್ರಾರ್ಥನೆ ಇದ್ದುದರಿಂದ ಇಲ್ಲಿಯ ಆರಾಧನೆ ಸಂಜೆಗಿತ್ತು. ಮಾಸ್ತರರು ಹಲ್ಲುಜ್ಜುತ್ತ ಹಿತ್ತಲಿಗೆ ಬಂದು ಗೋಡೆ ನೋಡಿದರು. ಬಳ್ಳಿ ಇತ್ತು, ಎಲೆ ಇತ್ತು, ಕಾಯಿ ಇರಲಿಲ್ಲ. ತೊಟ್ಟನ್ನು ಯಾರೋ ನೀಟಾಗಿ ಕೊಯ್ದುಕೊಂಡು ಹೋಗಿದ್ದರು.

ಹೆಂಡತಿ ನಿರ್ಮಲಾ ನೆರೆಮನೆಯ ಶಹಜಾದಿಯನ್ನು ಕೇಳಿ ನೋಡೋಣ ಎಂದಳು. ಮಾಸ್ತರರು ಒಪ್ಪಲಿಲ್ಲ. ಶಹಜಾದಿಗೆ ಹೇಳಿದರೆ ಅವಳ ಗಂಡ ಲಾಲಸಾಬನಿಗೆ ಹೇಳಿದಂತೆ, ಲಾಲಸಾಬನಿಗೆ ಹೇಳಿದರೆ ಗಾಂಧಿ ಚೌಕದಲ್ಲಿ ಡಂಗುರ ಹೊಡೆಸಿದಂತೆ.

"ಹಂಗಾರ ಚರ್ಚಿನ್ಯಾಗ ಕಳುವಾತು ಅಂತ ಖರೇ ಹೇಳಿಬಿಡ್ರಿ," ಎಂದಳು ನಿರ್ಮಲಾ.

"ಯಾರ ನಂಬತಾರ? ಬೋರವ್ವ ಹೇಳಿದ್ದನ್ನ ನಾ ನಂಬಿದ್ನೇನು?"

ಮಾಸ್ತರರು ಸುಮ್ಮನೆ ಕೂಡುವ ಜಾತಿಯವರಲ್ಲ. ಸಂಜೆಯೊಳಗೆ ಅದರ ಅವಳಿಯಂಥ ಕಾಯಿ ತಂದು ದೇವರ ಮುಂದಿಡುವುದೇ ಸೈ, ಅಲ್ಲಿಯವರೆಗೆ ಒಂದು ತುತ್ತೂ ಮುಟ್ಟುವುದಿಲ್ಲ ಎಂದು ಹಟ ತೊಟ್ಟು ಸ್ಕೂಟರ್ ಹೊರತೆಗೆದರು. ನಿರ್ಮಲಾ ಓಡಿಬಂದು, ಶಹಜಾದಿ ಮನೆಗೆ ಮಮದಾಪುರದ ಬೀಗರು ಬಂದಿದ್ದಾರಂತೆ, ಏನೋ ಕರಿದು ಕಳಿಸಿದ್ದಾಳೆ, ಹಾದಿಯಲ್ಲಿ ಹಸಿವಾದರೆ ತಿನ್ನಿ ಎಂದು ಡಬ್ಬಿಯಿದ್ದ ಬಟ್ಟೆಯ ಚೀಲವನ್ನು ಅವರ ಹೆಗಲಿಗೆ ತೂಗುಹಾಕಿದಳು. ಅವರು ಅದನ್ನು ತೆರೆದೂ ನೋಡಲಿಲ್ಲ.

ಗಾಂಧಿ ಚೌಕದ ಹತ್ತಿರ ತರಕಾರಿ ಮಾರುವ ಜಹೀರ ಒಳ್ಳೊಳ್ಳೆ ದುಂಡನೆಯ ಕಾಯಿ ತೋರಿಸಿದ. ಮಾಸ್ತರರು ಒಂದೊಂದನ್ನೂ ಹೊರಳಿಸಿ ನೋಡಿ, ಒಂದು ಮಗ್ಗುಲು ಚಪ್ಪಟೆ ಇರುವುದೇ ಬೇಕು ಎಂದರು. ಇಷ್ಟು ವರ್ಷ ವ್ಯಾಪಾರ ಮಾಡಿದ ಜಹೀರನಿಗೆ ಇಂಥ ಗಿರಾಕಿ ಸಿಕ್ಕಿರಲಿಲ್ಲ. ಅವನು ಅಕ್ಕಪಕ್ಕದವರನ್ನೆಲ್ಲ ಕರೆದು, ಮಾಸ್ತರರಿಗೆ ಕೆಟ್ಟ ಆಕಾರದ ಕಾಯಿ ಬೇಕಂತೆ, ಯಾರ ಹತ್ತಿರ ಇದೆ ಎಂದು ವಿಚಾರಿಸತೊಡಗಿದ. ಗದ್ದಲ ಕೇಳಿ ಬಂದವನು ಚರ್ಚಿನಲ್ಲಿ ಹಾರ್ಮೋನಿಯಂ ಬಾರಿಸುವ, ಶ್ರೀಮಂತ ಎಂಬ ಹೆಸರಿನವನು. ಮನೆಯಲ್ಲಿ ಅಂಥ ಕಾಯಿ ಇರುವಾಗ ಇಲ್ಲೇಕೆ ಎಂದು ಅವನು ಕೇಳಿದ. ಊರಿಂದ ತಂಗಿ ಬಂದಿದ್ದಾಳೆ, ಪಲ್ಯಕ್ಕೆ ಎಂದರು ಮಾಸ್ತರರು.

"ನಿಮಗ ತಂಗಿ ಅದಾಳೇನ್ರಿ?"

"ತಂಗಿ ಅಲ್ಲೋ, ಅಕ್ಕ."

ಹಾಗಾದರೆ ಅಕ್ಕನವರನ್ನು ಸಂಜೆ ಚರ್ಚಿಗೆ ಕರೆತನ್ನಿ, ಮುಂದಿನ ಸಾಲಿನಲ್ಲಿ ಕೂಡಿಸೋಣ ಎಂದ ಶ್ರೀಮಂತ. ಇಲ್ಲದ ಅಕ್ಕನನ್ನು ಎಲ್ಲಿಂದ ತರಬೇಕು? ಮಾಸ್ತರರು ಸ್ಕೂಟರ್ ಒದ್ದವರು ಟಿಕೋಟಾ ಮುಟ್ಟುವತನಕ ಹಿಂದೆ ತಿರುಗಲಿಲ್ಲ.

ಟಿಕೋಟಾದಲ್ಲೂ ಕಾಯಿಗಳೆಲ್ಲ ದುಂಡಗೇ ಇದ್ದವು. ಕಳ್ಳಕವಟಗಿಯ ಅಮೋಘಿ ಎಂಬ ರೈತನ ತಿಪ್ಪೆಯ ಮೇಲೆ ಕುಂಬಳ ಹಬ್ಬಿದೆ, ಅಲ್ಲಿ ಎಂಥ ಕಾಯಿ ಬೇಕಾದರೂ ಸಿಗುತ್ತದೆ ಎಂದು ಚಹಾದಂಗಡಿಯಲ್ಲಿ ಯಾರೋ ಹೇಳಿದರು. ಮಾಸ್ತರರು ಅಲ್ಲಿಗೂ ಹೋದರು. ಹೋಗಿ ನೋಡಿದರೆ ನಿಜಕ್ಕೂ ಇತ್ತು. ಅದೇ ಗಾತ್ರ, ಬಂಡೆಗಲ್ಲಿಗೆ ಒತ್ತಿ ಅದೇ ಚಪ್ಪಟೆ. ಮಾಸ್ತರರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಮೋಘಿ ಅದನ್ನು ಕೊಯ್ದು ಒಂದೇ ಕೈಯಲ್ಲಿ ಎತ್ತಿ ಗೋಣಿಚೀಲಕ್ಕೆ ಹಾಕಿದ. ದೇವರಿಗೆಂದು ಗೊತ್ತಾದ ಮೇಲೆ ದುಡ್ಡು ಮುಟ್ಟಲೊಲ್ಲ.

"ರೊಕ್ಕ ಬ್ಯಾಡ್ರಿ. ನಿಮ್ಮ ದೇವರ ಮುಂದ ಇಡುವಾಗ ಇದು ಕಳ್ಳಕವಟಗಿ ಅಮೋಘಿ ಕೊಟ್ಟಿದ್ದು ಅಂತ ಒಂದ ಮಾತ ಹೇಳ್ರಿ. ಸಾಕು."

ಮಾಸ್ತರರು ಹೂಂ ಎಂದರು. ಎಂದವರು ಅವನ ಮುಖ ನೋಡದೆ ಗೋಣಿಯ ಬಾಯಿ ಕಟ್ಟತೊಡಗಿದರು.

ಅಷ್ಟರಲ್ಲಿ ಸ್ಕೂಟರ್ ಮುಷ್ಕರ ಹೂಡಿತು. ಎಷ್ಟು ಒದ್ದರೂ ಚಾಲೂ ಆಗಲಿಲ್ಲ. ಅಮೋಘಿಯ ಪರಿಚಯದವರ ಟೆಂಪೋ ಒಂದು ಬಬಲೇಶ್ವರಕ್ಕೆ ಹೊರಟಿತ್ತು. ಸ್ಕೂಟರನ್ನು ಅವನ ಕೊಟ್ಟಿಗೆಯಲ್ಲಿ ಬಿಟ್ಟು, ಕಾಯಿ ಹೊತ್ತು ಟೆಂಪೋ ಹತ್ತಿ ಬಬಲೇಶ್ವರಕ್ಕೆ ಬಂದರು. ಅಲ್ಲಿ ವಿಜಯಪುರದ ಬಸ್ಸು ಹೊರಡಲು ನಿಂತಿತ್ತು. ನುಗ್ಗಿ ಒಳಗೆ ಕಾಲಿಟ್ಟು ತಲೆಯೆತ್ತಿದರೆ ಎದುರಿನ ಸೀಟಿನಲ್ಲಿ ಅಯ್ಯನವರು. ಅವರ ಹಿಂದಿನ ಸೀಟಿನಲ್ಲಿ ಬೋರವ್ವ.

ಹಬ್ಬದ ದಿನ ಈ ಕಡೆಗೆ ಹೇಗೆ ಎಂದು ಅಯ್ಯನವರು ವಿಚಾರಿಸಿದರು. ಪರಿಚಯದವರೊಬ್ಬರಿಗೆ ಆರಾಮವಿಲ್ಲ, ನೋಡಲು ಬಂದಿದ್ದೆ ಎಂದರು ಮಾಸ್ತರರು.

"ಅಯ್ಯೋ ಪಾಪ. ಹೆಸರ ಹೇಳ್ರಿ, ಪ್ರಾರ್ಥನಾ ಮಾಡೂಣು."

ಮಾಸ್ತರರ ಬಾಯಿಗೆ ಬೇರೆ ಹೆಸರೇ ಬರಲಿಲ್ಲ. ಅಮೋಘಿ ಎಂದರು. ಅಯ್ಯನವರು ಅಲ್ಲೇ ಕಣ್ಣು ಮುಚ್ಚಿ, ಹಾಸಿಗೆ ಹಿಡಿದ ಅಮೋಘಿಯನ್ನು ಎಬ್ಬಿಸಿ ನಿಲ್ಲಿಸು ತಂದೆಯೇ ಎಂದು ಗಟ್ಟಿಯಾಗಿ ಬೇಡಿಕೊಂಡರು. ಪಕ್ಕದ ಸೀಟಿನವರೂ ಟೋಪಿ ತೆಗೆದು ಕೈಮುಗಿದರು. ಸುಳ್ಳು ಹೇಳಿದ್ದಲ್ಲದೆ ದೇವರನ್ನೂ ಸುಮ್ಮನೆ ಕೆಲಸಕ್ಕೆ ಹಚ್ಚಿದಂತಾಯಿತಲ್ಲ ಎಂದು ಮಾಸ್ತರರು ಬೆವತುಹೋದರು.

ಬಸ್ಸು ಕಿಕ್ಕಿರಿದಿತ್ತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಗೋಣಿಚೀಲ ಹಿಡಿದು ಮಾಸ್ತರರು ಓಲಾಡುವುದನ್ನು ನೋಡಲಾರದೆ ಬೋರವ್ವ ಕೈ ಚಾಚಿದಳು.

"ಇತ್ಲಾಗ ಕೊಡ್ರಿ ಯಪ್ಪಾ, ನಾ ತೊಡಿ ಮ್ಯಾಲ ಇಟ್ಕೊಂತೀನಿ."

ಬೇಡ ಎನ್ನುವಷ್ಟರಲ್ಲಿ ಚೀಲ ಅವಳ ಮಡಿಲಿಗೆ ಹೋಗಿತ್ತು. ಮುದುಕಿಯ ಕೈ ಗೋಣಿಯ ಮೇಲೆ ಒಮ್ಮೆ ಆಡಿತು. ದುಂಡನೆಯ ಮೈ, ಗಟ್ಟಿ ತೊಟ್ಟು, ಚಪ್ಪಟೆ ಮಗ್ಗುಲು. ಅವಳು ಮಾಸ್ತರರ ಮುಖ ನೋಡಿದಳು, ಮತ್ತೆ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ವಿಜಯಪುರದಲ್ಲಿ ಇಳಿಯುವಾಗ ಚೀಲವನ್ನು ಜೋಪಾನವಾಗಿ ಅವರ ಕೈಗೆ ಕೊಟ್ಟಳು. ಅವಳು ಬೈದಿದ್ದರೆ ಮಾಸ್ತರರು ತಡೆದುಕೊಳ್ಳುತ್ತಿದ್ದರೋ ಏನೋ.

ಸಂಜೆ ಚರ್ಚು ತುಂಬಿತ್ತು. ಜೋಳದ ತೆನೆ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ ಎಲ್ಲ ಮುಂದೆ ಸಾಲಾಗಿದ್ದವು. ನಿರ್ಮಲಾ ಮುಂದಿನ ಸಾಲಿನಲ್ಲಿದ್ದಳು. ಹರಾಜು ನೋಡಲು ಲಾಲಸಾಬ, ಶಹಜಾದಿ ಬೀಗರನ್ನೂ ಕರೆದುಕೊಂಡು ಬಂದು ಹಿಂದೆ ಕುಳಿತಿದ್ದರು. ಮಾಸ್ತರರು ಕಾಯಿಯನ್ನು ಮೇಜಿನ ಮೇಲಿಟ್ಟಾಗ ಫೋಟೋ ನೋಡಿದವರೆಲ್ಲ, ಅದೇ ಅದು ಎಂದು ತಲೆದೂಗಿದರು. ಅಯ್ಯನವರು ಸಾಕ್ಷಿಗೆ ಕರೆದರು. ಇನ್ನು ಒಂದೇ ಒಂದು ಮಾತು ಸಾಕಿತ್ತು, ಹಿರಿತನ ಕೈಗೆ ಬಂದಂತೆ.

ಮಾಸ್ತರರು ಬಾಯಿ ತೆರೆದವರು ಬಾಗಿಲ ಕಡೆ ನೋಡಿದರು. ಚಪ್ಪಲಿಗಳ ಬಳಿ ಕುಳಿತ ಬೋರವ್ವ ತಲೆ ತಗ್ಗಿಸಿಕೊಂಡಿದ್ದಳು, ಹೋದ ವರ್ಷ ತಗ್ಗಿಸಿದ್ದಂತೆಯೇ. ಆದರೆ ಈ ಸಲ ನಾಚಿಕೆ ಅವಳದ್ದಾಗಿರಲಿಲ್ಲ, ಮಾಸ್ತರರ ಸಲುವಾಗಿ ನಾಚಿಕೊಂಡಿದ್ದಳು. ಅದನ್ನು ಕಂಡು ಅವರು ಏನಾದರಾಗಲಿ ಎಂದು ಗಟ್ಟಿ ಮನಸ್ಸು ಮಾಡಿದರು.

"ಇದು ನನ್ನ ಕಾಯಿ ಅಲ್ರಿ," ಎಂದರು. ದನಿ ಎಂದಿನಂತೆ ಗಟ್ಟಿಯಾಗಿಯೇ ಬಂತು. "ಇದು ಕಳ್ಳಕವಟಗಿ ಅಮೋಘಿ ಕೊಟ್ಟಿದ್ದು. ಅವಂಗ ಯಾವ ಜಡ್ಡೂ ಇಲ್ಲ, ಇಂಥಾ ಕಾಯಿ ಒಂದ ಕೈಲೆ ಎತ್ತತಾನ. ನನಗ ಅಕ್ಕನೂ ಇಲ್ಲ, ತಂಗಿನೂ ಇಲ್ಲ. ನನ್ನ ಕಾಯಿ ರಾತ್ರಿ ಯಾರೋ ಕಳ್ಳರು ಒಯ್ದಾರ. ಬೋರವ್ವ, ಹೋದ ವರ್ಷ ನೀ ಪ್ಯಾಟಿದು ತಂದಿದ್ದಿ, ಈ ವರ್ಷ ನಾನೂ ಅದನ್ನ ಮಾಡಾಕ ಹೊಂಟಿದ್ನಿ. ನಿನ್ನ ಮಾನಾ ಕಳದಿದ್ದಕ್ಕ ಕ್ಷಮಾ ಮಾಡಬೇ."

ಸಭೆಯಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಅಯ್ಯನವರಂತೂ ಎದ್ದು ಬಂದು, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಅವರ ಕೈ ಹಿಡಿದುಕೊಂಡರು. ಮಾಸ್ತರರ ಎದೆಯ ಮೇಲಿನ ಬಂಡೆ ಇಳಿಯಿತು. ಹಿರಿತನವೂ ಉಳಿಯುವ ಹಾಗೆ ಕಂಡಿತು.

ಆಗ ಹಿಂದಿನಿಂದ ಲಾಲಸಾಬ ಎದ್ದು ನಿಂತ.

"ತಪ್ಪ ತಿಳೀಬ್ಯಾಡ್ರಿ ಮಾಸ್ತರ. ಗ್ವಾಡಿ ಮ್ಯಾಲಿನ ಕಾಯಿ ಕಳ್ಳರು ಒಯ್ದಿಲ್ಲ. ಬೀಗರು ಬಂದ್ರಂತ ನಮ್ಮಾಕಿನ ಕೊಯ್ದಾಳ."

"ನನ್ನ ಕಾಯಿ ನೀವ್ಯಾಕ ಕೊಯ್ದ್ರಿ?"

ಶಹಜಾದಿಗೂ ಅಚ್ಚರಿಯಾಯಿತು. "ಬಳ್ಳಿ ನಮ್ಮದಲ್ರೀ. ಬೇರು ನಮ್ಮ ಬಚ್ಚಲದ ಹಂತ್ಯಾಕ ಐತಿ. ನಿಮ್ಮ ಕಡಿ ಇಳಿದಿತ್ತು, ಇರಲಿ ಅಂತ ಬಿಟ್ಟಿದ್ನಿ," ಎಂದಳು.

ಮಾಸ್ತರರು ನಿರ್ಮಲಾಳ ಕಡೆ ತಿರುಗಿದರು. ತಾವು ಊರಿದ ಬೀಜ ಏನಾದವು ಎಂದು ಆ ನೋಟ ಕೇಳಿತು. ಅವು ಮೊಳೆಯಲೇ ಇಲ್ಲ, ನೀವು ಅಷ್ಟು ಖುಷಿಯಲ್ಲಿದ್ದಿರಿ, ಹೇಳಲು ಮನಸ್ಸಾಗಲಿಲ್ಲ ಎಂದು ನಿರ್ಮಲಾ ನೆಲ ನೋಡುತ್ತ ಒಪ್ಪಿಕೊಂಡಳು. ಆಮೇಲೆ ಏನೋ ಹೊಳೆದು ಬಾಯಿಯ ಮೇಲೆ ಸೆರಗಿಟ್ಟಳು.

"ಅಲ್ರೀ, ಆ ಕಾಯಿ ಮುಂಜಾನಿಂದ ನಿಮ್ಮ ಹೆಗಲ ಮ್ಯಾಲ ಐತಿ."

ಎಲೀಷ ಮಾಸ್ತರರು ಇಡೀ ಸಭೆಯ ಎದುರಿಗೆ ತಮ್ಮ ಹೆಗಲು ಮುಟ್ಟಿ ನೋಡಿಕೊಂಡರು. ಚರ್ಚಿನಲ್ಲಿ ಯಾರಿಗೆ ನಗು ತಡೆದೀತು? ಅಯ್ಯನವರೂ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಬಟ್ಟೆಯ ಚೀಲದಿಂದ ಡಬ್ಬಿ ತೆಗೆದರೆ ತುಂಬ ಕುಂಬಳಕಾಯಿಯ ಗಾರಿಗೆ, ಬೆಲ್ಲದ ಘಮ. ಗಾಂಧಿ ಚೌಕ, ಟಿಕೋಟಾ, ಕಳ್ಳಕವಟಗಿ, ಬಬಲೇಶ್ವರ ಎಲ್ಲ ಸುತ್ತಿ ಅದು ಕೊನೆಗೂ ದೇವರ ಮುಂದೆ ಬಂದಿತ್ತು.

ನಗು ಇಳಿದ ಮೇಲೆ ಬಾಗಿಲ ಕಡೆಯಿಂದ ಬೋರವ್ವನ ದನಿ ಕೇಳಿತು. ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿಸಿತು.

"ನನ್ನ ಬದನಿಕಾಯಿ ನಮ್ಮ ಹಿತ್ತಲದ್ದ ಇದ್ವು ಯಪ್ಪಾ. ಚೀಲ ಅಷ್ಟ ಪ್ಯಾಟಿದು. ಹೌದಂತ ಹೇಳಿದ್ನಲ್ಲಾ, ನೀವು ನನ್ನ ಮಾತ ಬಿಟ್ಟ ಚೀಲಾ ಓದಿದ್ರಿ."

ಈಗ ಯಾರೂ ನಗಲಿಲ್ಲ. ಮಾಸ್ತರರು ತಪ್ಪೊಪ್ಪಿಕೊಂಡಿದ್ದರಲ್ಲ, ಆ ತಪ್ಪೊಪ್ಪಿಗೆಯಲ್ಲೂ ಎರಡು ಸುಳ್ಳು ಉಳಿದಿದ್ದವು. ನೆರೆಯವರನ್ನು ಕಳ್ಳರೆಂದಿದ್ದರು, ಮುದುಕಿಯನ್ನು ಇನ್ನೊಮ್ಮೆ ಮೋಸಗಾತಿ ಎಂದಿದ್ದರು. ಹಿರಿತನದ ಮಾತನ್ನು ಅಯ್ಯನವರು ಎತ್ತಲಿಲ್ಲ, ಮಾಸ್ತರರು ಕೇಳಲೂ ಇಲ್ಲ.

ಹರಾಜು ಮಾತ್ರ ಅವರೇ ಕೂಗಬೇಕಾಯಿತು, ಬೇರೆ ಯಾರಿಗೂ ಆ ದನಿಯಿಲ್ಲ. ಈ ವರ್ಷವೂ ಬೋರವ್ವ ಬದನೆಕಾಯಿಯನ್ನೇ ತಂದಿದ್ದಳು, ಅದೇ ಪ್ಲಾಸ್ಟಿಕ್ ಚೀಲದಲ್ಲಿ. ಮಾಸ್ತರರು ಅದನ್ನು ಎರಡೂ ಕೈಯಿಂದ ಮೇಲೆತ್ತಿ, ಬೀದಿಯ ಆ ಕೊನೆಗೂ ಕೇಳುವಂತೆ ಕೂಗಿದರು: "ಬಬಲೇಶ್ವರದ ಬೋರವ್ವನ ಹಿತ್ತಲದ ಬದನಿಕಾಯಿ." ಯಾರೂ ಸವಾಲು ಹಾಕಲಿಲ್ಲ, ಎಲ್ಲರೂ ಅವರನ್ನೇ ನೋಡುತ್ತಿದ್ದರು. ಮಾಸ್ತರರು ತಾವೇ ಸವಾಲು ಕೂಗಿ ತಾವೇ ಕೊಂಡರು. ಅಷ್ಟರಲ್ಲಿ ಗಾರಿಗೆ ಕೈಯಿಂದ ಕೈಗೆ ಹೋಗಿ ಖಾಲಿ ಡಬ್ಬಿ ಅವರ ಹತ್ತಿರ ಬಂದಿತ್ತು. ಬೆಳಗಿನಿಂದ ಉಪವಾಸವಿದ್ದವರು ಅವರೊಬ್ಬರೇ.

ಬೋರವ್ವ ಹತ್ತಿರ ಬಂದು, ಎಣ್ಣೆಗಾಯಿ ಮಾಡಿಸಿಕೊಂಡು ಬಿಸಿರೊಟ್ಟಿಯ ಜೊತೆ ಉಣ್ಣಿ ಎಂದಳು. ಬದನೆಕಾಯಿ ನಿಮಗೆ ಸೇರುತ್ತದಲ್ಲ ಎಂದೂ ಕೇಳಿದಳು. ಸೇರುತ್ತದೆ ಎಂಬ ಮಾತು ಮಾಸ್ತರರ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಕಷ್ಟಪಟ್ಟು ನುಂಗಿದರು.

"ಖರೇ ಹೇಳಬೇಕಂದ್ರ ಬೇ, ತಿಂದ್ರ ನನಗ ಮೈಯೆಲ್ಲಾ ತುರಸತೈತಿ."

ಬೋರವ್ವ ಆ ವರ್ಷದಲ್ಲಿ ಮೊದಲ ಸಲ ಅವರ ಮುಖ ನೋಡಿ ನಕ್ಕಳು.

"ಹಂಗಾರ ತುರಿಸ್ಕೋತ ಉಣ್ಣು ಯಪ್ಪಾ."