ಪಂಚರ ಸಮಕ್ಷಮ ಎಂ.ಎಸ್ಸಿ.

ಕಾಲೇಜು ವಯಸ್ಸಿನಲ್ಲಿ ಓದುವವರಿಗೆ ವರ್ಷಕ್ಕೆ ಎರಡೋ ಮೂರೋ ಪರೀಕ್ಷೆ. ನಲವತ್ತೆರಡಕ್ಕೆ ಪುಸ್ತಕ ಹಿಡಿದ ಹೆಡ್ ಕಾನ್ಸ್‌ಟೇಬಲ್ ಹೆಂಗಸಿಗೆ ದಿನಕ್ಕೊಂದು. ಬೇಡ ಅಂದ್ರೂ ಹುಡುಕಿಕೊಂಡು ಬರ್ತವೆ.

ನಾನು ಹೊಸದುರ್ಗ, ಹೊಳಲ್ಕೆರೆ ಸೀಮೆಯ ಒಂದು ಠಾಣೆಯಲ್ಲಿ ರೈಟರ್. ರೈಟರ್ ಅಂದ್ರೆ ಕತೆ ಕಾದಂಬರಿ ಬರೆಯೋಳಲ್ಲ. ದೂರು, ಹೇಳಿಕೆ, ಮಹಜರು ಬರೆಯೋಳು. ಎರಡೂ ಒಂದೇ ಅನ್ನೋ ವಕೀಲರೂ ಇದ್ದಾರೆ, ಅವರ ಬಾಯಿ ಅವರದು. ಹದಿನೆಂಟು ವರ್ಷದಿಂದ ಬರೀತಿದೀನಿ, ನನ್ನ ಅಕ್ಷರದ ಮೇಲೆ ಯಾರೂ ಬೆರಳಿಟ್ಟಿಲ್ಲ.

ಈಚೆಗೆ ಬರೋ ದೂರಿನಲ್ಲಿ ಅರ್ಧ ಫೋನಿನದ್ದೇ. ಜಪ್ತಿ ಮಾಡಿದ ಫೋನನ್ನ ನಮ್ಮೋರು ಕವರಿಗೆ ಹಾಕಿ, "ಚಿತ್ರದುರ್ಗಕ್ಕೆ ಕಳಿಸ್ರಿ" ಅಂತ ಕೈ ತೊಳ್ಕೊಳ್ಳೋರು. "ನಾವೇನು ಪೋಸ್ಟಾಫೀಸಾ?" ಅಂತ ರೇಗಿ, ನಾನೇ ಆನ್‌ಲೈನಲ್ಲಿ ಸೈಬರ್ ಭದ್ರತೆ ಮತ್ತು ಡಿಜಿಟಲ್ ಫೊರೆನ್ಸಿಕ್ಸ್ ಎಂ.ಎಸ್ಸಿಗೆ ಸೇರಿಕೊಂಡೆ. ಕಳ್ಳ ಫೋನಿಗೆ ನುಗ್ಗದ ಹಾಗೆ ಕಾಯೋದು ಮೊದಲನೇದು, ನುಗ್ಗಿದ ಮೇಲೆ ಅವನ ಹೆಜ್ಜೆ ಹುಡುಕೋದು ಎರಡನೇದು. ನಮ್ಮ ಸಾಹೇಬ್ರು, ಅಂದ್ರೆ ಇನ್ಸ್‌ಪೆಕ್ಟರು, ಆವತ್ತೇ ಹೇಳಿಬಿಟ್ಟರು: "ಚಿತ್ರದುರ್ಗದಾಗೆ ಸೈಬರ್ ಕೆಲಸಕ್ಕೆ ಒಂದು ಜಾಗ ಖಾಲಿ ಆಗ್ತೈತೆ. ನೀವು ಪಾಸಾದ್ರೆ ನಿಮ್ಮ ಹೆಸರು ಕಳಿಸ್ತೀನಿ. ಫೇಲಾದ್ರೆ ಬೇರೆಯೋರದು ಹೋಗ್ತೈತೆ. ಆಮೇಲೆ ರಿಟೈರಾಗೋ ತನಕ ಇಲ್ಲೇ ಕುಂತ್ಕಂಡು ಬರೀರಿ."

ನನಗೆ ಆ ಜಾಗ ಬೇಕಿತ್ತು. ಮುಚ್ಚಿಟ್ಟು ಏನಾಗಬೇಕು, ಬಹಳ ಬೇಕಿತ್ತು. ಸಿಕ್ಕೇ ಸಿಗುತ್ತೆ ಅನ್ನೋ ಧೈರ್ಯವೂ ಇತ್ತು.

೧. ಯೂನಿಫಾರ್ಮು

ಮೊದಲ ಕ್ಲಾಸು ಸಂಜೆ ಆರೂವರೆಗೆ. ಡ್ಯೂಟಿ ಮುಗಿದಿರಲಿಲ್ಲ. ಠಾಣೆಯಲ್ಲೇ ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಯೂನಿಫಾರ್ಮಿನಲ್ಲೇ ಕುಂತು ಕ್ಯಾಮೆರಾ ಹಾಕಿದೆ. ಹಿಂದುಗಡೆ ಗೋಡೆ ಮೇಲೆ ತಲೆ ತಪ್ಪಿಸಿಕೊಂಡಿರೋ ಕಳ್ಳರ ಫೋಟೋ, ಪಕ್ಕದಲ್ಲಿ ವಾಕಿಟಾಕಿ ಗೊರಗೊರ.

ನನ್ನ ಗ್ರಹಚಾರಕ್ಕೆ ಆವತ್ತಿನ ಪಾಠವೇ ಡಿಜಿಟಲ್ ಅರೆಸ್ಟು. ಪೊಲೀಸರ ವೇಷ ಹಾಕಿಕೊಂಡು ವಿಡಿಯೋ ಕಾಲ್ ಮಾಡಿ, "ನಿಮ್ಮನ್ನ ಬಂಧಿಸಿದ್ದೀವಿ, ರೂಮು ಬಿಟ್ಟು ಅಲ್ಲಾಡಬೇಡಿ" ಅಂತ ಹೆದರಿಸಿ ದೋಚ್ತಾರಲ್ಲ, ಅದು. ಪಾಠ ಹೇಳುವ ಮೇಷ್ಟ್ರು ಪುಣೆ ಕಡೆಯವರು. ನನ್ನ ಮುಖ ಕಂಡಿದ್ದೇ ತಡ, ಇಂಗ್ಲಿಷಿನಲ್ಲಿ ಕೂಗಿದರು, "ಎಲ್ಲರೂ ನೋಡಿ! ನಮ್ಮ ಕ್ಲಾಸಿಗೇ ನುಗ್ಗಿದ್ದಾರೆ! ಯಾರೂ ಹೆಸರು ಹೇಳಬೇಡಿ, ಕ್ಯಾಮೆರಾ ಆರಿಸಿ!"

"ಸಾರ್, ನಾನು ಸ್ಟೂಡೆಂಟು" ಅಂದೆ.

"ಹೀಗೇ ಅಂತಾರೆ" ಅಂತ ಅವರು ಹುಡುಗರಿಗೆ ವಿವರಿಸಿದರು.

ಗುರುತಿನ ಚೀಟಿ ತೋರಿಸಿದೆ. "ಚೀಟಿಯನ್ನೂ ತೋರಿಸ್ತಾರೆ" ಅಂದರು. ನನಗೆ ಮೈಯೆಲ್ಲ ಉರಿದುಹೋಯ್ತು. ಗಲಾಟೆ ಕೇಳಿ ಸಾಹೇಬ್ರು ಚೇಂಬರಿನಿಂದ ಎದ್ದು ಬಂದರು. ಟೋಪಿ ಸರಿ ಮಾಡಿಕೊಂಡು, ಮೀಸೆ ತೀಡಿ, ಕ್ಯಾಮೆರಾಕ್ಕೆ ಮುಖ ತಂದು, "ಏನ್ರಿ, ನಮ್ಮ ಸ್ಟಾಫ್ ಮೇಲೆ ಏನು ಅನುಮಾನ ನಿಮಗೆ?" ಅಂತ ಗುಡುಗಿದರು.

ಮೇಷ್ಟ್ರು ಖುಷಿಯಿಂದ ಕುರ್ಚಿಯಿಂದ ಎದ್ದೇಬಿಟ್ಟರು. "ನೋಡಿ, ನೋಡಿ! ಮೇಲಧಿಕಾರಿ ಅಂತ ಎರಡನೇ ಕಳ್ಳ ಬರ್ತಾನೆ ಅನ್ನೋದು ನಮ್ಮ ಮುಂದಿನ ಪುಟದಲ್ಲಿದೆ!"

೨. ಅರಗು

ನಮ್ಮ ಠಾಣೆಯಲ್ಲಿ ಹಿರೇಗುಂಟನೂರು ಕಡೆಯ ಒಬ್ಬ ಹಿರಿಯ ಕಾನ್ಸ್‌ಟೇಬಲ್ ಇದ್ದಾರೆ, ಎಲ್ಲರೂ ಅಣ್ಣ ಅಂತೀವಿ. ಜಪ್ತಿ ಮಾಲಿಗೆ ಬಟ್ಟೆ ಹೊಲಿದು, ಅರಗು ಕಾಯಿಸಿ, ಸೀಲು ಒತ್ತೋದ್ರಲ್ಲಿ ಅವರ ಸಮ ಯಾರೂ ಇಲ್ಲ. ಕುಡುಗೋಲು, ಕೋಳಿ ಪುಕ್ಕ, ಒಂದ್ಸಲ ಟ್ರ್ಯಾಕ್ಟರಿನ ಸ್ಟೇರಿಂಗು, ಏನು ಕೊಟ್ಟರೂ ಅಚ್ಚುಕಟ್ಟು.

ಎರಡನೇ ಸೆಮಿಸ್ಟರಿನಲ್ಲಿ ಒಂದು ಕೆಲಸ ಕೊಟ್ಟಿದ್ದರು. ಒಂದು ಹಳೇ ಫೋನಿನೊಳಗಿನದನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ, ಕೋರ್ಟಿಗೆ ಕಳಿಸೋ ಥರ ಸೀಲು ಮಾಡಿ ಪೋಸ್ಟಿನಲ್ಲಿ ಕಳಿಸಬೇಕು. ವಾರ ಕುಂತು ಮಾಡಿದೆ. ಸೀಲಿಗೆ ಮಾತ್ರ ಅಣ್ಣನೇ ಆಗಬೇಕು ಅಂತ ಅವರ ಕೈಗೆ ಕೊಟ್ಟು, "ಅಣ್ಣಾ, ಭದ್ರ ಮಾಡ್ರಿ. ಒಳಗಿರೋದು ಒಂಚೂರೂ ಹೊರಗೆ ಹೋಗಬಾರದು" ಅಂದೆ.

"ನಂಗೆ ಹೇಳಿಕೊಡ್ತೀರಾ ಮೇಡಂ?" ಅಂತ ನಕ್ಕರು.

ಹತ್ತು ದಿನಕ್ಕೆ ಮೇಷ್ಟ್ರಿಂದ ಫೋಟೋ ಬಂತು. ಹೊಲಿಗೆ ಚೆಂದ, ಬಟ್ಟೆ ಮೇಲಿನ ಸೀಲು ಚೆಂದ. ಬಟ್ಟೆ ಬಿಚ್ಚಿದರೆ, ಕಂಪ್ಯೂಟರಿಗೆ ಚುಚ್ಚೋ ಪೆನ್‌ಡ್ರೈವಿನ ಬಾಯಿ ತುಂಬಾ ಕೆಂಪಗೆ ಗಟ್ಟಿಯಾದ ಅರಗು. ಓಡಿ ಹೋಗಿ ಅಣ್ಣನ ಮುಂದೆ ಫೋನ್ ಹಿಡಿದೆ. "ಬಾಯಿಗೆ ಯಾಕೆ ಹುಯ್ದ್ರಿ ಅಣ್ಣಾ?"

ಅಣ್ಣ ಒಂಚೂರೂ ಅಳುಕಲಿಲ್ಲ. "ಒಳಗಿರೋದು ಆ ಬಾಯಿಂದ್ಲೇ ತಾನೇ ಹೊರಗೆ ಬರೋದು? ಮೂವತ್ತು ವರ್ಷದಾಗೆ ನನ್ನ ಸೀಲು ಯಾವ ಕಳ್ಳನೂ ಒಡೆದಿಲ್ಲ. ಈಗ ನಿಮ್ಮ ಮೇಷ್ಟ್ರೂ ಸೋತ್ರು ನೋಡ್ರಿ."

ಆ ಕೆಲಸ ಮತ್ತೆ ಮಾಡಿ ಕಳಿಸಿದೆ. ಈ ಸಲ ನಾನೇ ಹೊಲಿದೆ, ಹೊಲಿಗೆ ಸೊಟ್ಟಗಿದೆ ಅಂತ ಎರಡು ಮಾರ್ಕು ಹೋಯ್ತು.

೩. ಪಟ್ಟಿ

ಇನ್ನೊಂದು ಕೆಲಸ: ನೀವು ಕೆಲಸ ಮಾಡೋ ಕಡೆ ಒಂದು ಸುಳ್ಳು ಲಿಂಕು ಕಳಿಸಿ, ಎಷ್ಟು ಜನ ಹಿಂದೆ ಮುಂದೆ ನೋಡದೆ ಒತ್ತುತ್ತಾರೆ ಅಂತ ಲೆಕ್ಕ ಹಾಕಿ. ಮೇಲಧಿಕಾರಿಯ ಲಿಖಿತ ಒಪ್ಪಿಗೆ ಕಡ್ಡಾಯ.

ಸಾಹೇಬ್ರು ಒಪ್ಪಿಗೆ ಪತ್ರ ಪೂರ್ತಿ ಓದಿ ಸಹಿ ಹಾಕಿದರು. "ಮಾಡ್ರಿ, ಮಾಡ್ರಿ. ಊರಿಗೆಲ್ಲ ಬುದ್ಧಿ ಹೇಳ್ತೀವಿ, ನಮ್ಮೋರಿಗೆ ಮೊದ್ಲು ಬುದ್ಧಿ ಬರ್ಲಿ. ಯಾರು ಒತ್ತಿದ್ರೋ ಅವರ ಹೆಸರು ನಂಗೆ ಕೊಡ್ರಿ, ಸೋಮವಾರ ಪರೇಡಿನಾಗೆ ವಿಚಾರಿಸ್ಕಂತೀನಿ."

ಲಾಟರಿ, ಬಹುಮಾನ ಅಂದ್ರೆ ಪೊಲೀಸರು ಬೀಳಲ್ಲ. ನಾನೂ ಅದೇ ನೀರು ಕುಡಿದೋಳು. ಬರೆದೆ: "ವರ್ಗಾವಣೆ ಪಟ್ಟಿ, ನಿಮ್ಮ ಹೆಸರಿದೆಯೇ ನೋಡಿ." ಬೆಳಗ್ಗೆ ಹತ್ತಕ್ಕೆ ಕಳಿಸಿದೆ. ಹತ್ತೂ ಹತ್ತಕ್ಕೆ ಠಾಣೆಯಲ್ಲಿ ಎಲ್ಲರ ತಲೆ ಫೋನಿನೊಳಗೆ. ಅಣ್ಣ ಒಬ್ಬರೇ ಆರಾಮಾಗಿ ಟೀ ಕುಡೀತಿದ್ದರು. "ನಂದು ಇನ್ನು ನಾಲ್ಕು ತಿಂಗ್ಳು ಸರ್ವೀಸು. ನನ್ನ ಎಲ್ಲಿಗೆ ಹಾಕ್ತಾರೆ?" ಅಂದರು.

ನಾನು ನಗು ತಡೆದುಕೊಂಡು ಲೆಕ್ಕ ಹಾಕ್ತಿರೋವಾಗ ಚೇಂಬರಿನಿಂದ ಬೆಲ್ ಆಯ್ತು. ಒಳಗೆ ಹೋದೆ. ಸಾಹೇಬ್ರು ಫೋನು ನನ್ನ ಕಡೆ ಚಾಚಿ, ದನಿ ತಗ್ಗಿಸಿ ಅಂದರು, "ಬಾಗಿಲು ಹಾಕ್ರಿ. ಎಂಟು ಸಲ ಒತ್ತಿದೀನಿ, ಈ ಹಾಳಾದ್ದು ಓಪನ್ನೇ ಆಗ್ತಿಲ್ಲ. ನೀವು ಕಂಪ್ಯೂಟರ್ ಓದ್ತಿದೀರಲ್ಲ, ಒಂಚೂರು ನೋಡ್ರಿ."

ಸೋಮವಾರದ ಪರೇಡು ಮಳೆ ಬರೋ ಹಂಗೈತೆ ಅಂತ ರದ್ದಾಯ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

೪. ಮಹಜರು

ಕೊನೇ ಪರೀಕ್ಷೆ ಇದ್ದದ್ದು ಬರವಣಿಗೆಯಲ್ಲಲ್ಲ, ಮಾಡಿ ತೋರಿಸೋದ್ರಲ್ಲಿ. ನಿಜವಾದ ಕೇಸಿನ ಥರ ಒಂದು ಫೋನು ಜಪ್ತಿ ಮಾಡಬೇಕು. ಸಂಬಂಧಿಕರಲ್ಲದ ಇಬ್ಬರು ಪಂಚರು, ಅಂದ್ರೆ ಸಾಕ್ಷಿಗಳು, ಎದುರಿಗಿರಬೇಕು. ಅವರ ಸಮಕ್ಷಮ ಏನೇನು ನಡೀತೋ ಅದನ್ನ ಮಹಜರು ಬರೆದು ಅವರ ಸಹಿ ಪಡೀಬೇಕು. ಪರೀಕ್ಷಕರು ವಿಡಿಯೋದಲ್ಲಿ ನೇರ ನೋಡ್ತಾರೆ. ಇದರಲ್ಲಿ ಫೇಲಾದ್ರೆ ಆರು ತಿಂಗಳು ಮುಂದಕ್ಕೆ, ಅಷ್ಟರೊಳಗೆ ಚಿತ್ರದುರ್ಗದ ಜಾಗ ಬೇರೆಯೋರದು.

ನನಗೆ ಒಂಚೂರೂ ಭಯ ಆಗಲಿಲ್ಲ. ಮಹಜರು ತಾನೇ? ನಿದ್ದೆಯಲ್ಲಿ ಎಬ್ಬಿಸಿದ್ರೂ ಬರೀತೀನಿ.

ಜಪ್ತಿಯ ಜಾಗ ನಮ್ಮ ಮನೆ. ಆರೋಪಿ ನಮ್ಮತ್ತೆ, ಫೋನು ಅವರದು. ಎರಡನೇ ಪಂಚರು ಎದುರುಮನೆ ಅಂಗಡಿಯವರು. ಒಂದನೇ ಪಂಚರಾಗಿ ಮತ್ತೋಡಿನ ಒಬ್ಬ ಅಜ್ಜನ್ನ ಕರೆದೆ. ಈರುಳ್ಳಿ ಬೆಳೆಯೋ ಮನುಷ್ಯ, ನಮ್ಮ ಠಾಣೆಗೆ ಎಷ್ಟೋ ಕೇಸಿಗೆ ಪಂಚ, ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಪಳಗಿದೋರು. ಅಜ್ಜ ಹಿಂದಿನ ದಿನ ಸಂತೆಗೆ ಬಂದಿದ್ದರು. ನಾನು ಅಭ್ಯಾಸಬಲದಿಂದ, ಫೋನು ನಡುಮನೆ ಟೇಬಲ್ ಮೇಲೆ ಸಿಕ್ತು ಅಂತ ಮೂರು ಪುಟದ ಮಹಜರು ಆಗಲೇ ಮುದ್ದಾಗಿ ಬರೆದಿಟ್ಟಿದ್ದೆ. ಓದಿ ಹೇಳಿ, "ನಾಳೆ ಗಡಿಬಿಡಿ ಆಗ್ತೈತೆ ಅಜ್ಜ, ಸಹಿ ಹಾಕಿಬಿಡ್ರಿ" ಅಂದೆ. ಹಾಕಿದರು. ಠಾಣೆಯಲ್ಲಿ ನಾನು ಹಾಗೇ ಮಾಡ್ಕೊಂಡು ಬಂದಿದ್ದು, ತಪ್ಪು ಅಂತ ತಲೆಗೇ ಹೊಳೀಲಿಲ್ಲ.

ಮಾರನೇ ದಿನ ಮೂರು ಗಂಟೆ. ಪರೀಕ್ಷಕರು ಕನ್ನಡದವರೇ, ಮೈಸೂರು ಕಡೆ ಮಾತು. ಪಂಚರನ್ನ ಕರೆದುಕೊಂಡು ಠೀವಿಯಿಂದ ನಡುಮನೆಗೆ ಕಾಲಿಟ್ಟೆ. ಟೇಬಲ್ ಮೇಲೆ ಫೋನಿಲ್ಲ.

"ಅತ್ತೆ, ಫೋನೆಲ್ಲಿ?" ಅಂತ ಪಿಸುಗುಟ್ಟಿದೆ.

"ಬಚ್ಚಿಟ್ಟಿದೀನಿ. ಕಳ್ಳರು ಟೇಬಲ್ ಮೇಲೆ ಇಡ್ತಾರೇನೇ?"

"ಎಲ್ಲಿ ಅಂತ ಹೇಳ್ರಿ!"

"ಹೇಳಲ್ಲ. ನಾನು ಆರೋಪಿ."

ನಾನು ಬಾಯಿ ತೆರೆಯೋದರೊಳಗೆ ಅಜ್ಜ ನನ್ನ ಕಷ್ಟಕ್ಕೆ ಟೊಂಕ ಕಟ್ಟಿದರು. ಮನೆಯಲ್ಲಿ ಮಾಲು ಎಲ್ಲಿ ಬಚ್ಚಿಡ್ತಾರೆ ಅಂತ ಎಷ್ಟೋ ಜಪ್ತಿಯಲ್ಲಿ ಕಂಡೋರು, ಸೀದಾ ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬಿಗೆ ಕೈ ಹಾಕಿ ಫೋನು ತೆಗೆದು, ಹೆಗಲ ಮೇಲಿನ ಟವಲಿನಲ್ಲಿ ಚೆನ್ನಾಗಿ ಒರೆಸಿ, ತಂದು ಟೇಬಲ್ ನಡುವೆ ಇಟ್ಟರು. ಇಟ್ಟು, ಇನ್ನೊಂಚೂರು ಎಡಕ್ಕೆ ಸರಿಸಿದರು.

"ಈಗ ಬರ್ರಿ ಮೇಡಂ. ಕಾಗದದಾಗೆ ಇರೋ ಹಂಗೇ ಐತೆ."

ನಾನು ಮೆಲ್ಲಗೆ ಕ್ಯಾಮೆರಾ ಕಡೆ ತಿರುಗಿದೆ.

"ಯಜಮಾನ್ರೇ, ಯಾವ ಕಾಗದ?" ಅಂತ ಲ್ಯಾಪ್‌ಟಾಪಿನಿಂದ ದನಿ ಬಂತು.

"ನಿನ್ನೇನೇ ಸಹಿ ಹಾಕಿಸ್ಕಂಡ್ರಲ್ಲ ಸ್ವಾಮಿ, ಅದು."

ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಗುವೋ ಸಿಟ್ಟೋ ತಿಳೀಲಿಲ್ಲ. "ಮೇಡಂ, ನಾಳೆ ನಡೆಯೋದನ್ನ ಇವತ್ತೇ ಬರೆಯೋ ವಿದ್ಯೆ ನಮ್ಮ ಸಿಲಬಸ್ಸಲ್ಲಿ ಇಲ್ಲ. ನಾನೀಗ ಫೇಲ್ ಅಂತ ಬರೀಬೇಕು."

ಓದಿದ ಎರಡು ವರ್ಷ ಕಣ್ಣಮುಂದೆ ಬಂತು. ಅಳು ಬಂತು, ಅದರ ಹಿಂದೇ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಮೂರು ಪುಟಕ್ಕೂ ಕ್ಯಾಮೆರಾ ಮುಂದೆಯೇ ಅಡ್ಡಗೆರೆ ಹೊಡೆದೆ. "ತಪ್ಪು ನಂದೇ ಸಾರ್. ಇನ್ನೂ ನಲವತ್ತು ನಿಮಿಷ ಐತೆ. ನಡೆದದ್ದನ್ನ ನಡೆದ ಹಾಗೆ ಬರೀತೀನಿ. ಅದನ್ನ ಓದಿ, ಆಮೇಲೆ ಫೇಲ್ ಮಾಡ್ರಿ."

ಕುಂತು ಬರೆದೆ. "ಹಿಂದಿನ ದಿನವೇ ಬರೆದು ಸಹಿ ಪಡೆದ ಮಹಜರನ್ನು ರದ್ದುಪಡಿಸಲಾಗಿದೆ. ಫೋನು ಅಕ್ಕಿ ಡಬ್ಬಿಯಲ್ಲಿತ್ತು. ಒಂದನೇ ಪಂಚರು ಬರಿಗೈಯಲ್ಲಿ ತೆಗೆದು, ಟವಲಿನಿಂದ ಒರೆಸಿ, ಟೇಬಲ್ ಮೇಲೆ ಇಟ್ಟರು. ಕಾರಣ ಕೇಳಲಾಗಿ, ಸದರಿ ಕಾಗದಕ್ಕೆ ಹೊಂದಿಸಲು ಎಂದು ತಿಳಿಸಿದರು. ಆರೋಪಿಯು ತನಿಖೆಗೆ ಸಹಕರಿಸಲಿಲ್ಲ." ಆಮೇಲೆ ಫೋನಿನ ಒಳಗಿನದನ್ನ ನಿಯಮದ ಪ್ರಕಾರ ಇಳಿಸಿಕೊಂಡು ಅದನ್ನೂ ಬರೆದೆ.

ಪಾಸಾದೆ. ಫಸ್ಟ್ ಕ್ಲಾಸ್ ಬರಲಿಲ್ಲ, ಬರಬಾರದಿತ್ತು ಕೂಡ. ಸಾಹೇಬ್ರು ಮಾತಿನಂತೆ ಹೆಸರು ಕಳಿಸಿದರು, ಈಗ ಚಿತ್ರದುರ್ಗದಲ್ಲಿ ಕುಂತೇ ಇದನ್ನ ಹೇಳ್ತಿರೋದು. ಪಾಸು ಮಾಡಿದ್ದು ನನ್ನ ಬರವಣಿಗೆಗೋ, ಅಜ್ಜನ ಮಾತಿಗೋ, ಪರೀಕ್ಷಕರನ್ನೇ ಕೇಳಬೇಕು. ಯಾಕೆಂದ್ರೆ ಆವತ್ತು ಹೊಸ ಮಹಜರನ್ನ ಗಟ್ಟಿಯಾಗಿ ಓದಿ ಹೇಳಿ ಪೆನ್ನು ಕೊಟ್ಟಾಗ ಅಜ್ಜ ಸಹಿ ಹಾಕಲಿಲ್ಲ. ಕಾಗದ ತಿರುಗಿಸಿ ಮುರುಗಿಸಿ ನೋಡಿ, ಮೈಕ್ ಆನ್ ಇದೆ ಅನ್ನೋದು ಗೊತ್ತಿಲ್ಲದೆ, ನನ್ನ ಕಿವಿ ಹತ್ರ ಬಗ್ಗಿ ಕೇಳಿದರು:

"ಮೇಡಂ, ಇದ್ರಾಗೆ ಎಲ್ಲಾ ನಿಜಾನೇ ಐತಲ್ಲ. ಕೋರ್ಟ್‌ನಾಗೆ ನಿಲ್ತೈತಾ?"