ಚಿಕ್ಕಿ ಮತ್ತು ಹೆಡಿಗೆ ದೇವಕಿ

ನಮ್ಮ ಚಿಕ್ಕಿ ಸಿನಿಮಾಕ್ಕೆ ಸೇರಿದ್ದು ಕನ್ನಡ ಭಾಷೆಯ ತಪ್ಪಿನಿಂದ. ಅವಳದೇನೂ ತಪ್ಪಿಲ್ಲ! ಮಕ್ಕಳ ಪತ್ರಿಕೆಯಲ್ಲಿ ಚೌಕಗಳೊಳಗೆ ಚಿತ್ರ ಬಿಡಿಸಿ, ಪಾತ್ರಗಳ ಬಾಯಿಂದ ಗುಳ್ಳೆ ಗುಳ್ಳೆಯಾಗಿ ಮಾತು ಹೊರಡಿಸುತ್ತಾರಲ್ಲ, ಅದನ್ನೂ ನಾವು ಚಿತ್ರಕಥೆ ಎನ್ನುತ್ತೇವೆ. ಸಿನಿಮಾಕ್ಕೆ ಬರೆಯುವುದನ್ನೂ ಚಿತ್ರಕಥೆ ಎನ್ನುತ್ತೇವೆ. ಇಂಥ ಭಾಷೆಯನ್ನು ನಂಬಿ ನಿರ್ಮಾಪಕನೊಬ್ಬ ಬೆಂಗಳೂರಿನಿಂದ ಬಂದು ಕುಂದಾಪುರದ ಹತ್ತಿರ ನಮ್ಮೂರು ಕೋಡಿಯಲ್ಲಿ ಬಸ್ಸಿಳಿದರೆ ಯಾರನ್ನು ದೂರುವುದು?

ಚಿಕ್ಕಿ ಎಂದರೆ ನನ್ನ ಅಮ್ಮನ ತಂಗಿ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು. ಅಮ್ಮಮ್ಮ ಹೆಡಿಗೆ ಬುಟ್ಟಿ ಹೊತ್ತು ಊರೂರು ತಿರುಗಿ ಮೀನು ಮಾರಿ ಮಕ್ಕಳನ್ನು ಸಾಕಿದವರು. ಅಬ್ಬಿ ಎಂದು ಕರೆಯುತ್ತಿದ್ದ ಆ ತಾಯಿಯ ಜೊತೆಗೇ ಇದ್ದುಕೊಂಡು ಚಿಕ್ಕಿ ಒಂದು ಮಕ್ಕಳ ವಾರಪತ್ರಿಕೆಗೆ ‘ಹೆಡಿಗೆ ದೇವಕಿ’ ಎಂಬ ಚಿತ್ರಕಥೆ ಬರೆಯುತ್ತಿದ್ದಳು. ದೇವಕಿ ಮೀನು ಮಾರುವ ಹೆಂಗಸು. ನೀರಿನಡಿಯಲ್ಲಿ ಮನಸ್ಸಿದ್ದಷ್ಟು ಹೊತ್ತು ಇರಬಲ್ಲಳು, ತಲೆಯ ಮೇಲಿನ ಹೆಡಿಗೆಯಲ್ಲಿ ಏನನ್ನು ಬೇಕಾದರೂ ಹೊರಬಲ್ಲಳು. ಒಂದು ವಾರ ಮುಳುಗುತ್ತಿದ್ದ ದೋಣಿಯನ್ನು ಹೊತ್ತರೆ, ಇನ್ನೊಂದು ವಾರ ಹಾಲಾಡಿಯ ಹತ್ತಿರ ಕೆಟ್ಟು ನಿಂತ ಬಸ್ಸನ್ನು ಜನಸಮೇತ ಹೊತ್ತುಕೊಂಡು ಹೋದಳು. ಅಷ್ಟು ಎತ್ತರದಲ್ಲೂ ಕಂಡಕ್ಟರ್ ಬಾಗಿಲಲ್ಲಿ ನಿಂತವರಿಗೆ ಮುಂದೆ ಹೋಗಿ ಎನ್ನುತ್ತಲೇ ಇದ್ದನಂತೆ!

ಆ ನಿರ್ಮಾಪಕ ಬಂದದ್ದು 1997ರಲ್ಲಿ. ಕುಂದಾಪುರದಲ್ಲಿ ಭರ್ಜರಿ ಚಿತ್ರಕಥೆ ಬರೆಯುವ ಹೆಂಗಸೊಬ್ಬಳಿದ್ದಾಳೆ ಎಂದು ಅವನಿಗೆ ಯಾರೋ ಹೇಳಿದ್ದರು. ಅವನು ಸಿನಿಮಾದವನೆಂದು ಚಿಕ್ಕಿಗೆ ಗೊತ್ತಿಲ್ಲ, ಇವಳು ಪತ್ರಿಕೆಯವಳೆಂದು ಅವನಿಗೆ ಗೊತ್ತಿಲ್ಲ. ಆದರೂ ಮಾತುಕತೆ ಎಷ್ಟು ಸರಾಗವಾಗಿ ನಡೆಯಿತೆಂದರೆ ಒಂದು ಸುತ್ತು ಚಹಾ ಮುಗಿದು ಎರಡನೆಯದು ಬಂತು.

"ಫೈಟ್ ಎಷ್ಟು ಇಟ್ಟಿದ್ದೀರಿ ಅಮ್ಮಾ?" ಎಂದು ಅವನು ಕೇಳಿದ.

"ವಾರಕ್ಕೊಂದ್," ಎಂದಳು ಚಿಕ್ಕಿ.

ನಿಜ ಗೊತ್ತಾದಾಗ ಬೆವರಿದವನು ಅವನು. ಚಿಕ್ಕಿಯೋ, ಸಿನಿಮಾ ಪರದೆಯೂ ಒಂದು ಚೌಕವೇ ತಾನೇ, ಸ್ವಲ್ಪ ದೊಡ್ಡದು, ಅದರೊಳಗೂ ಬರೆದರಾಯಿತು ಎಂದುಬಿಟ್ಟಳು. ಬರೆದೂಬಿಟ್ಟಳು. ಕರೆಂಟು ಹೊಡೆದರೂ ಸಾಯದ ಲೈನ್‌ಮ್ಯಾನ್ ಒಬ್ಬನ ಕಥೆ. ಆ ಸಿನಿಮಾ ಅದು ಹೇಗೋ ಓಡಿತು. ಮುಂದೆ ಮಾಯವಾಗುವ ಕಂಡಕ್ಟರ್ ಒಬ್ಬನ ಕಥೆ ಬರೆದಳು, ಅದು ಓಡಲಿಲ್ಲ. ಚಿಲ್ಲರೆ ಕೊಡುವ ಹೊತ್ತಿಗೆ ಕಂಡಕ್ಟರ್ ಮಾಯವಾಗುವುದನ್ನು ನೋಡಲು ಟಿಕೆಟು ಬೇರೆ ತೆಗೆಯಬೇಕೇ ಎಂದು ಜನ ಕೇಳಿದರು! ಏನೇ ಆಗಲಿ, ಕಾಮಿಕ್ಸ್ ತರಹದ ಸಿನಿಮಾ ಬೇಕಾದರೆ ಕುಂದಾಪುರಕ್ಕೆ ಹೋಗಬೇಕು ಎಂಬ ಹೆಸರಂತೂ ಬಂತು.

ಅವಳು ಬರೆಯುವ ರೀತಿಯೋ, ಮೊದಲು ಬಾಯಲ್ಲಿ ಹೇಳಬೇಕು, ಅದೂ ಬಸ್ಸಿನಲ್ಲಿ. ಒಮ್ಮೆ ಬೈಂದೂರಿಗೆ ಹೊರಟವಳು ಕಿಟಕಿಯ ಪಕ್ಕ ಕುಳಿತು ಖಳನಾಯಕನ ದನಿಯಲ್ಲಿ, ಇವತ್ತೇ ಸೇತುವೆ ಹಾರಿಸಿಬಿಡಿ, ಒಬ್ಬನೂ ಉಳಿಯಬಾರದು ಎಂದು ಗುಡುಗಿದಳು. ಬಸ್ಸು ಆಗಷ್ಟೇ ಹೊಳೆಯ ಸೇತುವೆಯ ಹತ್ತಿರ ಬಂದಿತ್ತು. ಅಕ್ಕಪಕ್ಕದವರು ಎದ್ದು ನಿಂತರು. ಕಂಡಕ್ಟರ್ ಮೆಲ್ಲಗೆ ಹತ್ತಿರ ಬಂದು, "ಅಕ್ಕಾ, ಹಾರ್ಸುದ್ ನಮ್ ಬಸ್ ದಾಟದ್ ಮೇಲೆ ಅಲ್ದಾ?" ಎಂದು ಕೇಳಿದ. ಚಿಕ್ಕಿ ಗಂಭೀರವಾಗಿ ಯೋಚಿಸಿ, ಹಾಗೂ ಮಾಡಬಹುದು ಎಂದಳು.

ಇಷ್ಟೆಲ್ಲ ಆದರೂ ‘ಹೆಡಿಗೆ ದೇವಕಿ’ ಮಾತ್ರ ಸಿನಿಮಾ ಆಗಲಿಲ್ಲ. ಬೇಕೆಂದವರಿಗೇನೂ ಕಡಿಮೆಯಿರಲಿಲ್ಲ. ಒಬ್ಬ ಬಂದು ದೇವಕಿಯನ್ನು ಗಂಡಸು ಮಾಡಿ ದೇವು ಎಂದು ಹೆಸರಿಡೋಣ ಎಂದ. ಅವನಿಗೆ ಚಹಾ ಕೂಡ ಸಿಗಲಿಲ್ಲ. ಇನ್ನೊಬ್ಬ ದೊಡ್ಡ ನಿರ್ಮಾಪಕ ಎಲ್ಲದಕ್ಕೂ ಒಪ್ಪಿದ. ಅವನ ಬೇಡಿಕೆ ಒಂದೇ. ಶುರುವಿನಲ್ಲೇ ಖಳನಾಯಕ ದೇವಕಿಯ ತಾಯಿಯನ್ನು ಕೊಲ್ಲಬೇಕು. ಇಲ್ಲದಿದ್ದರೆ ದೇವಕಿ ಊರಿಗೆ ಒಳ್ಳೆಯದು ಮಾಡಲು ಕಾರಣವೇ ಇರುವುದಿಲ್ಲವಂತೆ. ಪ್ರಪಂಚದಲ್ಲಿ ಯಾವ ಸಾಹಸಿಗೂ ತಾಯಿ-ತಂದೆ ಉಳಿದಿರುವುದಿಲ್ಲ, ಬೇಕಾದರೆ ನೋಡಿ ಎಂದ. ಚಿಕ್ಕಿ ಚಪ್ಪಲಿ ಮೆಟ್ಟಿಕೊಂಡು ಬೆಂಗಳೂರಿನ ಅವನ ಆಫೀಸಿನಿಂದ ಸೀದಾ ಬಸ್‌ಸ್ಟ್ಯಾಂಡಿಗೆ ನಡೆದಳು.

ಮನೆಗೆ ಬಂದವಳಿಗೆ ನನ್ನ ಅಮ್ಮ ಬಯ್ದದ್ದೇ ಬಯ್ದದ್ದು. ಕಾಗದದ ಮೇಲಿನ ಒಂದು ಸಾವು ಬರೆದುಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದರು.

"ಒಬ್ರಿಗ್ ಒಳ್ಳೇದ್ ಮಾಡುಕೆ ಮನಿಯಗೆ ಒಬ್ರ್ ಸಾಯ್ಕಾ ಅಕ್ಕಾ?" ಎಂದಳು ಚಿಕ್ಕಿ. "ಅಬ್ಬಿ ಇದ್ರೂ ಒಳ್ಳೇದ್ ಮಾಡ್ಲಕ್ಕ್."

ಅತ್ತ ಆ ದೊಡ್ಡ ನಿರ್ಮಾಪಕನೂ ಸುಮ್ಮನಿರಲಿಲ್ಲ. ಈ ಹೆಂಗಸು ಯಾರ ಮಾತೂ ಕೇಳುವವಳಲ್ಲ ಎಂದು ಅವನು ಗಾಂಧಿನಗರವಿಡೀ ಹೇಳಿಕೊಂಡು ಬಂದ. ಬೆಂಗಳೂರಿನಿಂದ ಕರೆ ಬರುವುದು ನಿಂತಿತು. ವರ್ಷಗಳೇ ಹೋದವು. ಪತ್ರಿಕೆಯೂ ಮುಚ್ಚಿತು. ಚಿಕ್ಕಿ ಬಗ್ಗಿದಳೇ? ಬ್ರಹ್ಮಾವರದ ಹತ್ತಿರದ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಸಣ್ಣ ನಾಟಕ ಬರೆದುಕೊಡಿ ಎಂದರೆ, ಅದರಲ್ಲಿ ಹೆಡ್ಮಾಸ್ತರರೇ ಆಕಾಶದಲ್ಲಿ ಹಾರಬೇಕೆಂದು ಬರೆದಳು! ಅವರು ಕೈಮುಗಿದರು. ಹಾರದಿದ್ದರೆ ನಾಟಕವೂ ಇಲ್ಲ ಎಂದಳು. ಪಾಪ, ಮಾವಿನ ಮರಕ್ಕೆ ಹಗ್ಗ ಕಟ್ಟಿ ಹೆಡ್ಮಾಸ್ತರರನ್ನು ಹಾರಿಸಿದರು. ಚಪ್ಪಾಳೆಯೋ ಚಪ್ಪಾಳೆ. ಇಳಿಸುವುದು ಹೇಗೆಂದು ಮಾತ್ರ ಚಿಕ್ಕಿ ಬರೆದಿರಲಿಲ್ಲ. ಬಹುಮಾನ ವಿತರಣೆ ಮುಗಿಯುವವರೆಗೂ ಅವರು ಮೇಲಿನಿಂದಲೇ ಮಕ್ಕಳನ್ನು ಹರಸುತ್ತಿದ್ದರು.

ಕೊನೆಗೆ ಕೆಲವು ವರ್ಷಗಳ ಹಿಂದೆ ಬೈಂದೂರಿನ ಒಬ್ಬ ತರುಣ ಬಂದ. ಸಣ್ಣವನಿದ್ದಾಗ ದೇವಕಿಯ ಕಥೆಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡವನಂತೆ. ಕೈಯಲ್ಲೊಂದು ಕ್ಯಾಮೆರಾ ಬಿಟ್ಟರೆ ಬೇರೇನಿಲ್ಲ. ದೇವಕಿ ಹೆಂಗಸಾಗಿಯೇ ಇರಲಿ, ಅವಳ ತಾಯಿಯೂ ಇರಲಿ, ಒಂದಕ್ಷರ ಬದಲಿಸುವುದಿಲ್ಲ ಎಂದ. ಮರವಂತೆಯ ಕಡಲಿನಲ್ಲಿ, ಬೈಂದೂರಿನ ಸಂತೆಯಲ್ಲಿ ಚಿತ್ರೀಕರಣ ನಡೆಯಿತು. ನಮ್ಮ ಪೈಕಿಯ ಹೆಂಗಸರೆಲ್ಲ ನಟಿಸಿದರು. ದೇವಕಿ ಬಸ್ಸು ಹೊರುವ ದೃಶ್ಯದಲ್ಲಿ ಬಸ್ಸು ರಟ್ಟಿನದೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಗೊತ್ತಾಗಲಿ ಬಿಡು, ಅಸಲಿ ಬಸ್ಸು ಹೊರುವವರು ಯಾರಿದ್ದಾರೆ ಎಂದಳು ಚಿಕ್ಕಿ.

ಕುಂದಾಪುರದ ಟಾಕೀಸಿನಲ್ಲಿ ಮೊದಲ ಆಟಕ್ಕೆ ಜನ ಬಂದದ್ದು ಅಷ್ಟಕ್ಕಷ್ಟೇ. ಅಮ್ಮಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಅಷ್ಟು ಹೊತ್ತಿಗಾಗಲೇ ಅವರ ಕಣ್ಣು ಪೂರಾ ಮಂಜಾಗಿತ್ತು, ಪರದೆಯ ಮೇಲೆ ಬೆಳಕು ಓಡಾಡುವುದಷ್ಟೇ ಕಾಣುತ್ತಿತ್ತು. ಚಿಕ್ಕಿ ಪಕ್ಕದಲ್ಲಿ ಕುಳಿತು ಅವರ ಕಿವಿಯಲ್ಲಿ ಇಡೀ ಸಿನಿಮಾ ಹೇಳಿದಳು. ಈಗ ಮುಳುಗಿದಳು, ಈಗ ದೋಣಿ ಎತ್ತಿದಳು, ಈಗ ಬಸ್ಸು ಹೊತ್ತಳು. ಅಮ್ಮಮ್ಮ ತಲೆಯಾಡಿಸುತ್ತ ಕೇಳಿದರು.

ಸಿನಿಮಾ ಮುಗಿಯಿತು. ದೇವಕಿ ಊರನ್ನು ಉಳಿಸಿ ದಂಡೆಯ ಮೇಲೆ ಒಬ್ಬಳೇ ನಿಂತಲ್ಲಿಗೆ ಕಥೆ ಮುಗಿಯುತ್ತದೆ. ಹೆಸರುಗಳು ಓಡತೊಡಗಿದವು, ಜನ ಎದ್ದರು.

"ಮತ್ತೆ ಅವ್ಳ್ ಮನೀಗ್ ಬಂದ್ಲಾ?" ಎಂದು ಅಮ್ಮಮ್ಮ ಕೇಳಿದರು. "ಎಂತಾರೂ ಉಂಡ್ಲಾ?"

ಬೆಂಗಳೂರಿನವರಿಗೆ ಒಂದು ಸಾಲನ್ನೂ ಬದಲಿಸಿಕೊಡದ ಚಿಕ್ಕಿ ಅಮ್ಮಮ್ಮನ ಕೈ ಹಿಡಿದುಕೊಂಡಳು.

"ಬಂದ್ಲಬ್ಬಿ. ಈಗ ಬಂದ್ಲ್. ಹೆಡ್ಗಿ ಇಳ್ಸಿ, ಕಾಲ್ ತೊಳ್ಕಂಡ್ ಒಳ್ಗೆ ಬಂದ್ಲ್. ಅವ್ಳ್ ಅಬ್ಬಿ ಬಿಸಿ ಬಿಸಿ ಗಂಜಿ ಬಡ್ಸ್ತಿದ್ಲ್. ಬಂಗ್ಡಿ ಸಾರೂ ಇತ್ತ್. ಇಬ್ರೂ ಕೂಕಂಡ್ ಉಣ್ತಿದ್ರ್."

ಹೆಸರುಗಳು ಮುಗಿದು ಪರದೆ ಬರೀ ಬಿಳಿಯಾಯಿತು. ದೀಪ ಹಾಕಿದರು. ಕಸ ಗುಡಿಸುವವನು ಬಾಗಿಲಲ್ಲಿ ಕಾಯುತ್ತಿದ್ದ. ಇನ್ನು ಹೊರಡೋಣ ಎಂದು ನಾನು ಅಮ್ಮಮ್ಮನ ತೋಳು ಹಿಡಿದೆ.

ಚಿಕ್ಕಿ ನನ್ನ ಕೈ ಸರಿಸಿದಳು.

"ಇರ್ ಮಗಾ," ಎಂದಳು. "ಅವ್ರ್ ಉಂಡ್ ಮುಗೀಲಿ."